ಆಫ್ರಿಕಾದ ಸಫಾರಿ ಟೆಂಟ್ ನಮ್ಮ ಕೊಪ್ಪಳದ ಬಿಸಿಲಿಗೆ ಒಗ್ಗುತ್ತದೆಯೇ?

ಮಸಾರಿಹೊಲ:
ಎಲ್ಲರಿಗೂ ನಮಸ್ಕಾರ. ಗಂಗಾವತಿ ತಾಲ್ಲೂಕಿನಲ್ಲಿ ಗುಡ್ಡದ ಬುಡಕ್ಕೆ ಎರಡು ಎಕರೆ ಜಮೀನಿದೆ. ಮೇಲ್ಭಾಗ ಮಸಾರಿ (ಕೆಂಪು ಮಣ್ಣು), ಕೆಳಗಿನ ಅರ್ಧ ಎಕರೆ ಎರೆಮಣ್ಣು (ಕಪ್ಪು ಮಣ್ಣು). ಕೀನ್ಯಾದ ಮಸಾಯಿ ಮಾರಾದಲ್ಲಿ ಇರುವಂಥ ಆರು ಟೆಂಟ್ ಹಾಕಿ ಪ್ರವಾಸಿಗರಿಗೆ ಕೊಡಬೇಕೆಂದಿದ್ದೇವೆ. ಟೆಂಟ್ ಮಾರುವವರು ಒಂದೇ ಪದರದ ಪಿವಿಸಿ ಟೆಂಟ್, ಸಿಮೆಂಟ್ ನೆಲ, ಎಸಿ ಸೇರಿಸಿ ದರ ಕೊಟ್ಟಿದ್ದಾರೆ. ಬೇಸಿಗೆಯಲ್ಲಿ ಒಳಗೆ ಇರಲು ಆಗುತ್ತದೆಯೇ? ಸ್ನಾನದ ನೀರು, ಶೌಚಾಲಯ ಹೇಗೆ ಮಾಡಬೇಕು? ಕರಡಿ, ಚಿರತೆ ಓಡಾಡುವ ಜಾಗ, ಬೇಲಿ ಬೇಕೇ? ತಿಳಿದವರು ಹೇಳಿ.

ಕ್ಯಾನ್ವಾಸ್‌ಕೆಲಸ:
ಮಾರಾವನ್ನು ನಕಲು ಮಾಡಬೇಡಿ ಸರ್. ಅದು ಸಮುದ್ರಮಟ್ಟದಿಂದ 1,500 ಮೀಟರ್‌ಗೂ ಮೇಲಿರುವ ಬಯಲು. ಜುಲೈ ರಾತ್ರಿಗಳಲ್ಲಿ ಅಲ್ಲಿ ಅತಿಥಿಗಳ ಹಾಸಿಗೆಯೊಳಗೆ ಬಿಸಿನೀರಿನ ಚೀಲ ಇಡುತ್ತಾರೆ. ಅದು ಚಳಿಗೆ ಮುಚ್ಚಿಕೊಳ್ಳುವ ಟೆಂಟು. ನಿಮ್ಮ ಜಾಗಕ್ಕೆ ಹೋಲುವುದು ಜಾಂಬಿಯಾದ ಸೌತ್ ಲುವಾಂಗ್ವಾ ಕಣಿವೆ. ಅದೂ ತಗ್ಗಿನ ಸೀಮೆ, ಅಕ್ಟೋಬರ್‌ನಲ್ಲಿ ಉಷ್ಣಾಂಶ 40 ಡಿಗ್ರಿ ಮುಟ್ಟುತ್ತದೆ. ಅಲ್ಲಿನ ಒಳಕಾಡಿನ ಎಷ್ಟೋ ಕ್ಯಾಂಪ್‌ಗಳನ್ನು ಹುಲ್ಲು, ಜೊಂಡು, ಮರದ ಗಳುಗಳಿಂದ ಕಟ್ಟುತ್ತಾರೆ. ಗಾಳಿ ಆಡಲೆಂದು ಕೆಲವಕ್ಕೆ ಎದುರು ಗೋಡೆಯನ್ನೇ ಇಡುವುದಿಲ್ಲ. ನವೆಂಬರ್‌ನಲ್ಲಿ ಮಳೆ ಶುರುವಾದರೆ ಗಾಡಿ ಹೋಗುವ ದಾರಿ ಕೆಡುತ್ತದೆ, ಆಗ ಕ್ಯಾಂಪ್ ಬಿಚ್ಚಿಟ್ಟು ಮುಂದಿನ ಹಂಗಾಮಿಗೆ ಮತ್ತೆ ಕಟ್ಟುತ್ತಾರೆ. ನೀವು ಕಲಿಯಬೇಕಾದದ್ದು ಅಲ್ಲಿಂದ.

ಒಂದೇ ಪದರದ ಪಿವಿಸಿ ಅಂತೂ ಬೇಡವೇ ಬೇಡ. ಮಧ್ಯಾಹ್ನ ಅದರ ಕೆಳಗೆ ಮಲಗುವುದು ಕಾದ ಹಂಚಿನ ಕೆಳಗೆ ಮಲಗಿದಂತೆ. ಬಟ್ಟೆಯ ಗೋಡೆ ತಂಪನ್ನು ಹಿಡಿದಿಡುವುದಿಲ್ಲವಾದ್ದರಿಂದ ಎಸಿ ಎಡೆಬಿಡದೆ ಓಡಬೇಕಾಗುತ್ತದೆ. ರಾತ್ರಿ ಒಳಮೈಯಲ್ಲಿ ನೀರು ಬೆವರಿ ಹಾಸಿಗೆ ಮೇಲೆ ತೊಟ್ಟಿಕ್ಕುತ್ತದೆ.

ಎರಡು ಪದರ ಮಾಡಿಸಿ. ಒಳಗಿನ ಟೆಂಟ್‌ಗೆ ಹತ್ತಿ-ಪಾಲಿಯೆಸ್ಟರ್ ಬೆರಕೆಯ ಕ್ಯಾನ್ವಾಸ್, ಚದರ ಮೀಟರ್‌ಗೆ 400 ಗ್ರಾಂ ಆಸುಪಾಸು. ಅದರ ಮೇಲೆ ಬೇರೆಯೇ ಕಂಬಗಳ ಮೇಲೆ ನಿಲ್ಲುವ ತಿಳಿಬಣ್ಣದ ಫ್ಲೈಶೀಟ್, ಅಂದರೆ ಹೊರಹೊದಿಕೆಯ ಬಟ್ಟೆ. ಎರಡರ ನಡುವೆ ಸೂರಿನ ಹತ್ತಿರ ಕನಿಷ್ಠ 30 ಸೆಂ.ಮೀ., ನೆತ್ತಿಯಲ್ಲಿ 50–60 ಸೆಂ.ಮೀ. ಅಂತರವಿರಲಿ, ಎರಡೂ ತುದಿ ತೆರೆದಿರಲಿ. ಕಾದ ಗಾಳಿ ಅಲ್ಲಿಂದಲೇ ಹೊರಟುಹೋಗಬೇಕು. ಈ ಅಂತರವನ್ನು ಅಂದಕ್ಕೆಂದು ಮುಚ್ಚುವವರಿದ್ದಾರೆ. ಮುಚ್ಚಿದರೆ ಎರಡನೇ ಪದರಕ್ಕೆ ಕೊಟ್ಟ ದುಡ್ಡು ದಂಡ. ಟೆಂಟಿನ ಉದ್ದ ಪೂರ್ವ-ಪಶ್ಚಿಮಕ್ಕಿರಲಿ, ಆಗ ಸಂಜೆಯ ಬಿಸಿಲು ಗಿಡ್ಡ ಗೋಡೆಗೆ ಮಾತ್ರ ಬೀಳುತ್ತದೆ. ಒಳಗೆ 4×5 ಮೀಟರ್, ಮುಂದೆ 2 ಮೀಟರ್ ಪಡಸಾಲೆ, ಹಿಂದೆ 2 ಮೀಟರ್ ಬಚ್ಚಲು ಇದ್ದರೆ ಇಬ್ಬರಿಗೆ ಸಾಕು.

ಕಿಟಕಿಯ ಬಟ್ಟೆ ಒಳಕ್ಕೆ ಸುತ್ತುವಂತೆ ಹೊಲಿಸಿ. ಹೊರಕ್ಕೆ ಸುತ್ತಿದರೆ ಮಳೆ ನೀರು ಆ ಸುರುಳಿಯಲ್ಲಿ ನಿಂತು ಹೊಲಿಗೆ ಕೊಳೆಯುತ್ತದೆ. ಜಿಪ್ 10ನೇ ನಂಬರಿನದಿರಲಿ. ದೂಳಿಗೆ ಅದು ಹಿಡಿದುಕೊಂಡರೆ ಎಳೆದಾಡದೆ, ಬ್ರಷ್‌ನಿಂದ ಉಜ್ಜಿ ಮೇಣದಬತ್ತಿ ಸವರಿ. ಎಣ್ಣೆ ಹಾಕಿದರೆ ದೂಳು ಇನ್ನಷ್ಟು ಮೆತ್ತಿಕೊಳ್ಳುತ್ತದೆ.

ಎರಿಮಣ್ಣು:
ಮ್ಯಾಲಿನವರು ಹೇಳಿದ್ದು ಖರೆ ಐತ್ರಿ. ನಾ ನೆಲ, ನೀರಿನ ಮಾತು ಹೇಳ್ತೀನಿ.

ಸಿಮೆಂಟ್ ನೆಲ ಬ್ಯಾಡ್ರಿ, ಹಗಲೆಲ್ಲಾ ಕಾದು ರಾತ್ರಿ ಪೂರಾ ಬಿಸಿ ಬಿಡ್ತದ. ನೆಲದಿಂದ ಎರಡು ಅಡಿ ಎತ್ತರಕ್ಕ ಕಬ್ಬಿಣದ ಪೈಪಿನ ಕಾಲು ನಿಲ್ಲಿಸಿ ಹಲಿಗಿ ಹಾಸ್ರಿ. ಕೆಳಗ ಗಾಳಿ ಆಡ್ತದ, ಗೆದ್ದಲಿ ಏರಿದ್ರ ಕಣ್ಣಿಗೆ ಕಾಣ್ತದ. ಕೆಳಗ ಸಾಮಾನು ತುಂಬಬ್ಯಾಡ್ರಿ, ಹಾವು, ಚೇಳು ಬಂದು ಕೂಡತಾವ. ಟೆಂಟ್ ಎಲ್ಲಾ ಮಸಾರಿ ಮ್ಯಾಲನ ಇರಲಿ. ಎರಿ ಮಣ್ಣು ಬ್ಯಾಸಿಗ್ಯಾಗ ಬಿರಿತದ, ಮಳಿಗೆ ಉಬ್ಬತದ, ಕಾಲು ಒಂದೊಂದು ಮಟ್ಟಕ್ಕ ಹೋಗಿ ಬಾಗಿಲು ಜಿಪ್ ಕೂಡಂಗಿಲ್ಲ.

ಶೌಚಾಲಯದ ನೀರಿಗೂ ಅದೇ ಮಾತು. ಎರಿ ಮಣ್ಣಾಗ ನೀರು ಇಂಗೂದಿಲ್ಲ, ಮಳಿಗಾಲದಾಗ ಇಂಗುಗುಂಡಿ ತುಂಬಿ ಹೊರಗ ಹರಿತದ. ಸೆಪ್ಟಿಕ್ ಟ್ಯಾಂಕ್, ಇಂಗುಗುಂಡಿ ಎರಡೂ ಮಸಾರಿಯೊಳಗ, ಬೋರ್‌ವೆಲ್‌ನಿಂದ ಕನಿಷ್ಠ 30 ಮೀಟರ್ ದೂರ, ಇಳಿಜಾರಿನ ಕಡೆ ಮಾಡ್ರಿ. ತೋಡೂ ಮೊದಲು ಒಂದು ಅಡಿ ಕುಣಿ ತಗದು ನೀರು ತುಂಬಿ ನೋಡ್ರಿ. ಮರುದಿನಾನೂ ನೀರು ನಿಂತಿದ್ರ ಜಾಗ ಬದಲಾಯಿಸ್ರಿ.

ಸ್ನಾನಕ್ಕ ಆಫ್ರಿಕಾದ ಬಕೆಟ್ ಶವರ್ ಭಾಳ ಚಲೋ ಪದ್ಧತಿ. 20 ಲೀಟರಿನ ಬಕೆಟ್ಟಿಗೆ ಅಡಿಯಾಗ ನಳ ಇರ್ತದ. ಹೊರಗ ಗಾಲಿ ಮ್ಯಾಲ ಹಗ್ಗ. ಕೆಲಸದವರು ಹದ ಮಾಡಿದ ಬಿಸಿನೀರು ಸುರಿದು ಮ್ಯಾಲ ಎಳದು ಕಟ್ತಾರ. ಬಿಟ್ಟು ಬಿಟ್ಟು ನಳ ತಿರುವಿದ್ರ ಒಬ್ಬರ ಜಳಕ ಆಗ್ತದ. ನೀರು ತುಂಬಿದಾಗ 20 ಕೆ.ಜಿ. ತೂಕ ತಲಿ ಮ್ಯಾಲ ತೂಗ್ತದ, ಅದಕ್ಕ ಕೊಂಡಿ, ಹಗ್ಗ ದಿನಾ ನೋಡಬೇಕು.

ಮಸಾರಿಹೊಲ:
ಇಬ್ಬರಿಗೂ ಧನ್ಯವಾದ. ಎಸಿ ಬಿಟ್ಟರೆ ಬೇಸಿಗೆಗೆ ಬೇರೇನು ದಾರಿ?

ಕ್ಯಾನ್ವಾಸ್‌ಕೆಲಸ:
ಮಾರ್ಚ್‌ವರೆಗೆ ಕಡಿಮೆ ಕರೆಂಟಿನಲ್ಲಿ ಓಡುವ 35 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ ಸಾಕು. ಹತ್ತು ತಾಸಿಗೆ 350 ವ್ಯಾಟ್-ಅವರ್, ದೀಪ ಮತ್ತು ಮೊಬೈಲ್ ಚಾರ್ಜ್‌ಗೆ 100 ಸೇರಿಸಿ. ಟೆಂಟಿಗೊಂದು 165 ವ್ಯಾಟಿನ ಸೋಲಾರ್ ಪ್ಯಾನೆಲ್, 12 ವೋಲ್ಟ್ 100 ಆಂಪಿಯರ್-ಅವರ್ ಬ್ಯಾಟರಿ ಹೊಂದುತ್ತದೆ. ಪ್ಯಾನೆಲ್ ಫ್ಲೈಶೀಟ್ ಮೇಲೆ ಬೇಡ, ನೆಲದ ಮೇಲೆ ಬೇರೆ ಸ್ಟ್ಯಾಂಡ್ ಇರಲಿ. ಒಣ ಬಿಸಿಲಿಗೆ ನೀರಿನ ಕೂಲರ್, ಲಾವಂಚದ ಪರದೆ ಚೆನ್ನಾಗಿ ಕೆಲಸ ಮಾಡುತ್ತವೆ. ಆದರೆ ಎದುರು ಬದಿಯ ಕಿಟಕಿ ತೆರೆದಿರಬೇಕು, ಇಲ್ಲವಾದರೆ ಒಳಗೆ ಬರೀ ಸೆಕೆ.

ನನ್ನನ್ನು ಕೇಳಿದರೆ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ನಡೆಸಿ, ಏಪ್ರಿಲ್‌ನಲ್ಲಿ ಬಟ್ಟೆ ಇಳಿಸಿ. ಬೇಸಿಗೆಯ ಬಿರುಗಾಳಿ, ಆಮೇಲೆ ಮುಂಗಾರಿನ ಪಡುವಣ ಗಾಳಿ ಫ್ಲೈಶೀಟನ್ನು ಮೊದಲು ಹರಿಯುವುದು ಹಗ್ಗ ಕಟ್ಟುವ ಕಣ್ಣುಗಳಲ್ಲಿ. ಆ ಜಾಗಕ್ಕೆ ನವಾರಿನ ಪಟ್ಟಿ ಕೊಟ್ಟು ದುಪ್ಪಟ್ಟು ಹೊಲಿಸಿ. ಇಳಿಸಿದ ಬಟ್ಟೆ ಪೂರ್ತಿ ಒಣಗಿದ ಮೇಲೆಯೇ ಸುತ್ತಿ. ತೇವ ಉಳಿದರೆ ಕಪ್ಪು ಬೂಷ್ಟು ಹಿಡಿಯುತ್ತದೆ, ಅದು ಹೋಗುವುದಿಲ್ಲ.

ಗುಡ್ಡದಂಚು:
ಬೇಲಿಯ ಬಗ್ಗೆ. ಆಫ್ರಿಕಾದಲ್ಲಿ ಎರಡೂ ರೀತಿ ಇದೆ. ದಕ್ಷಿಣ ಆಫ್ರಿಕಾದ ಕ್ರೂಗರ್‌ನಲ್ಲಿ ಸ್ಕುಕುಝಾದಂಥ ದೊಡ್ಡ ಕ್ಯಾಂಪ್‌ಗಳಿಗೆ ಬೇಲಿ, ರಾತ್ರಿ ಗೇಟು ಬಂದ್. ಬೋಟ್ಸ್ವಾನಾದ ಒಕವಾಂಗೊದಲ್ಲಿ ಬಹುತೇಕ ಬೇಲಿಯೇ ಇಲ್ಲ. ಅಲ್ಲಿ ಕಾಪಾಡುವುದು ಶಿಸ್ತು. ಕತ್ತಲಾದ ಮೇಲೆ ಅತಿಥಿ ಒಬ್ಬರೇ ಟೆಂಟಿನಿಂದ ಇಳಿಯುವಂತಿಲ್ಲ, ಊಟಕ್ಕೆ ಕರೆದೊಯ್ಯಲು, ಬಿಟ್ಟುಬರಲು ಕಾವಲುಗಾರ ಬರುತ್ತಾನೆ. ಕರೆಯಲು ಟೆಂಟಿನಲ್ಲಿ ಸೀಟಿ ಇರುತ್ತದೆ.

ನಿಮ್ಮಲ್ಲಿಯೂ ಇದನ್ನೇ ಕಡ್ಡಾಯ ಮಾಡಿ. ಕರಡಿ ಹತ್ತಿರದಲ್ಲಿ ಹಠಾತ್ತನೆ ಎದುರಾದಾಗಲೇ ಮೈಮೇಲೆ ಬೀಳುವುದು. ಆದ್ದರಿಂದ ಮಾತಾಡುತ್ತಾ, ಟಾರ್ಚ್ ಬಿಟ್ಟುಕೊಂಡು ನಡೆಯಬೇಕು. ದಾರಿಯ ಎರಡೂ ಬದಿ ಪೊದೆ ಸವರಿ, ದಾರಿಯಿಂದ ಬಾರೆ, ಸೀತಾಫಲದ ಗಿಡ ದೂರವಿರಲಿ. ತಂತಿಗೆ ನೇರ ಕರೆಂಟ್ ಕೊಡುವ ಯೋಚನೆ ಯಾರಾದರೂ ಹೇಳಿದರೆ ಕೇಳಬೇಡಿ, ಅದು ಅಪರಾಧ, ಜನವೂ ಸಾಯುತ್ತಾರೆ.

ದಿನದ ಕಾಟ ಮಂಗಗಳದ್ದು. ಆಫ್ರಿಕಾದಲ್ಲಿ ಬಬೂನ್‌ಗಳು ಜಿಪ್ ತೆಗೆಯುವುದನ್ನು ಕಲಿತಿವೆ, ನಮ್ಮವೂ ಕಲಿಯುತ್ತವೆ. ಎರಡೂ ಜಿಪ್ಪಿನ ತಲೆಗಳನ್ನು ಸೇರಿಸಿ ಕ್ಯಾರಬೈನರ್ ಕೊಂಡಿ ಹಾಕಿ. ಬಿಸ್ಕತ್ತು, ಬಾಳೆಹಣ್ಣು ಯಾವುದನ್ನೂ ಟೆಂಟಿನೊಳಗೆ ಇಡಲು ಬಿಡಬೇಡಿ. ಬಟ್ಟೆಯ ಗೋಡೆ ಹರಿಯಲು ಅವಕ್ಕೆ ಹೊತ್ತು ಬೇಕಿಲ್ಲ.

ಕಾಗದಪತ್ರ:
ಟೆಂಟಿಗೆ ಮುಂಗಡ ಕೊಡುವ ಮೊದಲು ಸರ್ವೆ ನಂಬರ್ ಹಿಡಿದು ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದಲ್ಲಿ ವಿಚಾರಿಸಿ. ಆನೆಗೊಂದಿ ಸುತ್ತಿನ ಹಳ್ಳಿಗಳು ಅದರ ವ್ಯಾಪ್ತಿಯಲ್ಲಿವೆ. ನಿಮ್ಮದೇ ತಾಲ್ಲೂಕಿನ ವಿರೂಪಾಪುರ ಗಡ್ಡೆಯ ರೆಸಾರ್ಟ್‌ಗಳನ್ನು ಸುಪ್ರೀಂ ಕೋರ್ಟ್ ತೀರ್ಪಿನ ನಂತರ 2020ರಲ್ಲಿ ತೆರವು ಮಾಡಿದರು. ‘ಬಿಚ್ಚಿಡುವ ಟೆಂಟ್ ತಾನೆ’ ಎಂದು ನಂಬಿ ಕೂರಬೇಡಿ. ಕೃಷಿ ಜಮೀನಾದ್ದರಿಂದ ಭೂಪರಿವರ್ತನೆ, ಕಾಡಿನಂಚಾದ್ದರಿಂದ ಅರಣ್ಯ ಇಲಾಖೆಯ ಅಭಿಪ್ರಾಯ, ಪಂಚಾಯಿತಿ ಪರವಾನಗಿ ಎಲ್ಲವನ್ನೂ ಬರಹದಲ್ಲೇ ಪಡೆಯಿರಿ. ಅರ್ಜಿಯ ಜೊತೆ ಟೆಂಟ್, ಸೆಪ್ಟಿಕ್ ಟ್ಯಾಂಕ್, ಬೋರ್‌ವೆಲ್ ಇರುವ ಜಾಗ ಗುರುತಿಸಿದ ನಕ್ಷೆ ಕೊಡಿ.