ಜ್ಯಾಬಿಕ್ಸ್‌ನಲ್ಲಿ ಮುನ್ನೂರು ಓಎನ್‌ಯು ಕೆಂಪು, ಆದರೆ ಮನೆಗಳಲ್ಲಿ ನೆಟ್ ಸರಿಯಾಗಿದೆ. ಯಾರಾದರೂ ದಾರಿ ಹೇಳಿ

ಮಲೆನಾಡು_ಫೈಬರ್ | ಬುಧವಾರ ರಾತ್ರಿ 11:40

ಎಲ್ಲರಿಗೂ ನಮಸ್ಕಾರ. ಮೂರು ರಾತ್ರಿಯಿಂದ ಸರಿಯಾಗಿ ನಿದ್ದೆ ಇಲ್ಲ. ನಾವು ತೀರ್ಥಹಳ್ಳಿ ಕಡೆ ಕೇಬಲ್ ಮತ್ತು ಇಂಟರ್ನೆಟ್ ಕೊಡುವವರು. ಎಲ್ಲ ಮನೆಗಳ ಓಎನ್‌ಯುಗಳನ್ನು (ಮನೆಯಲ್ಲಿ ಫೈಬರ್ ಬಂದು ಸೇರುವ ಪೆಟ್ಟಿಗೆ) ಆಫೀಸಿನಲ್ಲಿ ಕೂತು ಜ್ಯಾಬಿಕ್ಸ್ ಅನ್ನುವ ನಿಗಾ ಸಾಫ್ಟ್‌ವೇರ್‌ನಲ್ಲಿ ನೋಡಿಕೊಳ್ಳುತ್ತೇವೆ. ಎರಡು ವರ್ಷ ಯಾವ ತೊಂದರೆಯೂ ಇರಲಿಲ್ಲ. ಈಗ ಇದ್ದಕ್ಕಿದ್ದ ಹಾಗೆ ಪರದೆ ತುಂಬ ಕೆಂಪು. ಒಮ್ಮೆ 200 ಡೌನ್, ಇನ್ನೊಮ್ಮೆ 350. ಹತ್ತು ನಿಮಿಷಕ್ಕೆ ಅವು ಹಸಿರಾಗುತ್ತವೆ, ಬೇರೆ ಮನೆಗಳು ಕೆಂಪಾಗುತ್ತವೆ.

ಫೋನ್ ಮಾಡಿ ಕೇಳಿದರೆ "ನೆಟ್ ಚೆನ್ನಾಗೇ ಇದೆಯಲ್ಲ, ಏನಾಯ್ತು?" ಅಂತ ಅವರೇ ನನ್ನನ್ನು ಕೇಳುತ್ತಾರೆ. ನಿನ್ನೆ ಹುಡುಗನನ್ನು ಆ ಮಳೆಯಲ್ಲಿ 14 ಕಿಲೋಮೀಟರ್ ಕಳಿಸಿದೆ. ಹೋಗಿ ನೋಡಿದರೆ ಓಎನ್‌ಯುವಿನ ಪಾನ್ (ಫೈಬರ್ ಸಿಗ್ನಲ್) ಲೈಟ್ ಹಸಿರು, ಮನೆಯವರು ಟಿವಿ ನೋಡುತ್ತಿದ್ದರು. ಅವನು ಒದ್ದೆಯಾಗಿ ವಾಪಸ್ ಬಂದ. ಅವನ ಮುಖ ನೋಡಲು ನನಗೇ ಬೇಜಾರಾಯಿತು.

ಸರ್ವರ್‌ನಲ್ಲಿ ನಾನು ಏನನ್ನೂ ಬದಲಾಯಿಸಿಲ್ಲ. ಜ್ಯಾಬಿಕ್ಸ್ ತೆಗೆದು ಬೇರೆ ಯಾವುದಾದರೂ ಹಾಕಲಾ?

ಹಳೇ_ಲೈನ್‌ಮನ್ | ಬುಧವಾರ ರಾತ್ರಿ 11:58

ತಮ್ಮಾ, ಮೊದಲು ಕರೆಂಟ್ ನೋಡು. ಮಳೆಗಾಲದಲ್ಲಿ ನಿಮ್ಮ ಕಡೆ ವೋಲ್ಟೇಜ್ ಹೇಗಿರುತ್ತದೆ ಅಂತ ನನಗೆ ಗೊತ್ತು. ಯುಪಿಎಸ್ ಬ್ಯಾಟರಿ ಎಷ್ಟು ವರ್ಷದ್ದು? ಬ್ಯಾಟರಿ ಸತ್ತಿದ್ದರೆ ಕರೆಂಟ್ ಒಂದು ಸಲ ಮಿಟುಕಿದರೂ ಸ್ವಿಚ್ ರೀಸ್ಟಾರ್ಟ್ ಆಗುತ್ತದೆ. ಇಂಥ ಹತ್ತು ಕೇಸ್ ನೋಡಿದ್ದೇನೆ, ಒಂಬತ್ತರಲ್ಲಿ ಕಾರಣ ಬ್ಯಾಟರಿಯೇ.

ಶಿರಸಿ_ಸ್ಪ್ಲೈಸರ್ | ಗುರುವಾರ ಬೆಳಗ್ಗೆ 7:15

ಓಎಲ್‌ಟಿ, ಅಂದರೆ ಎಲ್ಲ ಓಎನ್‌ಯುಗಳ ಫೈಬರ್ ಬಂದು ಸೇರುವ ನಿಮ್ಮ ಕಡೆಯ ಯಂತ್ರ, ಅದರ ಲಾಗ್ ಏನು ಹೇಳುತ್ತದೆ? ಮನೆಯಲ್ಲಿ ಕರೆಂಟ್ ಹೋದರೆ ಓಎನ್‌ಯು ಸಾಯುವ ಮುಂಚೆ ಡೈಯಿಂಗ್ ಗ್ಯಾಸ್ಪ್ ಅಂತ ಒಂದು ಸಂದೇಶ ಕಳಿಸುತ್ತದೆ. ಫೈಬರ್ ತುಂಡಾದರೆ ಅದನ್ನು ಕಳಿಸಲು ಆಗುವುದಿಲ್ಲ, ಆಗ ಬರೀ ಎಲ್‌ಒಎಸ್ (ಸಿಗ್ನಲ್ ಇಲ್ಲ) ಅಂತ ಬರುತ್ತದೆ. ಎರಡರಲ್ಲಿ ಯಾವುದು ಬಂದಿದೆ ನೋಡಿ. ಆಪ್ಟಿಕಲ್ ಪವರ್ ಎಷ್ಟಿದೆ ಅಂತಲೂ ಹಾಕಿ. ಮೈನಸ್ 27 ಡಿಬಿಎಂಗಿಂತ ಕೆಳಗೆ ಇಳಿದಿದ್ದರೆ ಎಲ್ಲೋ ಜಾಯಿಂಟ್‌ನಲ್ಲಿ ನೀರು ಸೇರಿರಬಹುದು.

ಮಲೆನಾಡು_ಫೈಬರ್ | ಗುರುವಾರ ಬೆಳಗ್ಗೆ 8:02

ಸರ್, ಕೆಂಪಾಗಿದ್ದ ಕೆಲವು ಮನೆಗಳ ಲಾಗ್ ನೋಡಿದೆ. ಕೆಂಪು ತೋರಿಸಿದ ಹೊತ್ತಿನಲ್ಲಿ ಡೈಯಿಂಗ್ ಗ್ಯಾಸ್ಪ್ ಇಲ್ಲ, ಎಲ್‌ಒಎಸ್ ಕೂಡ ಇಲ್ಲ. ಪವರ್ ಮೈನಸ್ 21ರಿಂದ 24ರ ಒಳಗಿದೆ. ಓಎಲ್‌ಟಿ ಪ್ರಕಾರ ಅವೆಲ್ಲ ಆನ್‌ಲೈನ್.

ಹಳೇ_ಲೈನ್‌ಮನ್ | ಗುರುವಾರ ಬೆಳಗ್ಗೆ 8:20

ಹಾಗಾದರೆ ಆಫೀಸ್ ಸ್ವಿಚ್‌ನ ಅಡಾಪ್ಟರ್ ನೋಡು. ಬ್ಯಾಟರಿ ಮೇಲೆ ಮಲ್ಟಿಮೀಟರ್ ಇಟ್ಟು ನೋಡಿದೆಯಾ ಇಲ್ಲವಾ? ಅದನ್ನು ಹೇಳಲೇ ಇಲ್ಲ.

ಶಿರಸಿ_ಸ್ಪ್ಲೈಸರ್ | ಗುರುವಾರ ಬೆಳಗ್ಗೆ 8:31

ಅಣ್ಣಾ, ಸ್ವಿಚ್ ರೀಸ್ಟಾರ್ಟ್ ಆದರೆ ಎಲ್ಲವೂ ಒಟ್ಟಿಗೆ ಹೋಗಬೇಕಲ್ವಾ? ಇವರಿಗೆ ಅರ್ಧ ಹಸಿರು ಇರುತ್ತದೆ, ಅರ್ಧ ಕೆಂಪಾಗುತ್ತದೆ, ಅದೂ ಪ್ರತಿ ಸಲ ಬೇರೆ ಬೇರೆ ಮನೆ. ಇದು ಕರೆಂಟಿನ ಲಕ್ಷಣ ಅಲ್ಲ.

ಡ್ಯಾಶ್‌ಬೋರ್ಡ್_ಬೆಂಗಳೂರು | ಗುರುವಾರ ಬೆಳಗ್ಗೆ 9:45

ಇದು ಪಿಂಗರ್ ಸಮಸ್ಯೆ, ನೂರಕ್ಕೆ ನೂರು. ಪಿಂಗ್ ಮಾಡಲು, ಅಂದರೆ ಸಾಧನ ಉತ್ತರ ಕೊಡುತ್ತದೆಯಾ ಅಂತ ನೋಡಲು, ಜ್ಯಾಬಿಕ್ಸ್ ಒಳಗೆ ಎಫ್‌ಪಿಂಗ್ ಬಳಸುತ್ತದೆ. ಅದನ್ನು ಓಡಿಸುವ ಪಿಂಗರ್ ಪ್ರೋಸೆಸ್ ಡಿಫಾಲ್ಟ್ ಆಗಿ ಒಂದೇ ಇರುತ್ತದೆ. ಸಾಧನಗಳು ಜಾಸ್ತಿಯಾದಾಗ ಅದಕ್ಕೆ ಕೈ ಸಾಲುವುದಿಲ್ಲ. ಕಾನ್ಫಿಗ್ ಫೈಲ್‌ನಲ್ಲಿ ಸ್ಟಾರ್ಟ್‌ಪಿಂಗರ್ಸ್ ಅನ್ನು 20 ಮಾಡಿ ರೀಸ್ಟಾರ್ಟ್ ಮಾಡಿ.

ಮಲೆನಾಡು_ಫೈಬರ್ | ಗುರುವಾರ ಬೆಳಗ್ಗೆ 10:30

ಮಾಡಿದೆ. ಇನ್ನೂ ಜಾಸ್ತಿಯಾಯಿತು! ಈಗ 500 ಕೆಂಪು.

ಡ್ಯಾಶ್‌ಬೋರ್ಡ್_ಬೆಂಗಳೂರು | ಗುರುವಾರ ಬೆಳಗ್ಗೆ 10:41

50 ಮಾಡಿ. ಟೈಮ್‌ಔಟ್ ಕೂಡ ಏರಿಸಿ. ಡೇಟಾಬೇಸ್ ಎಸ್‌ಎಸ್‌ಡಿ ಮೇಲಿದೆಯಾ?

ಕರಾವಳಿ_ನೆಟ್ | ಗುರುವಾರ ಬೆಳಗ್ಗೆ 11:10

ಮಾರಾಯ್ರೇ, ಮನೆ ಮನೆಯ ಓಎನ್‌ಯುಗೆ ಪಿಂಗ್ ಹೊಡೆಯುವುದು ಯಾಕೆ? ಓಎಲ್‌ಟಿಗೆ ಎಸ್‌ಎನ್‌ಎಂಪಿಯಲ್ಲಿ (ಸಾಧನಗಳ ಸ್ಥಿತಿ ವಿಚಾರಿಸುವ ವಿಧಾನ) ಕೇಳಿದರೆ ಎಲ್ಲ ಓಎನ್‌ಯುಗಳ ಸ್ಥಿತಿ, ಪವರ್ ಒಂದೇ ಪಟ್ಟಿಯಲ್ಲಿ ಬರುತ್ತದೆ. ನನ್ನದು ಮಂಗಳೂರಿನಿಂದ ಮೂಡಬಿದಿರೆವರೆಗೆ 6,000 ಓಎನ್‌ಯು. ಜ್ಯಾಬಿಕ್ಸ್ ಥರದ್ದೇ ಆದ ಲಿಬ್ರೆಎನ್‌ಎಂಎಸ್‌ನಲ್ಲಿ ಐದು ನಿಮಿಷಕ್ಕೊಮ್ಮೆ ಓಎಲ್‌ಟಿಗಳನ್ನು ಮಾತ್ರ ಪೋಲ್ ಮಾಡುತ್ತೇನೆ (ಸ್ಥಿತಿ ಕೇಳುತ್ತೇನೆ). ಮನೆ ರೂಟರ್‌ನ ವೈಫೈ ಪಾಸ್‌ವರ್ಡ್, ಫರ್ಮ್‌ವೇರ್ ಎಲ್ಲ ಟಿಆರ್-069 (ದೂರದಿಂದಲೇ ರೂಟರ್ ಸೆಟ್ ಮಾಡುವ ವ್ಯವಸ್ಥೆ) ಮೂಲಕ. ಒಂದು ಹಳೇ ಡೆಸ್ಕ್‌ಟಾಪ್, 16 ಜಿಬಿ ರ‍್ಯಾಮ್, ಅಷ್ಟೇ. ಗೋಡೆಗೆ 43 ಇಂಚಿನ ಟಿವಿ ಹಾಕಿದ್ದೇನೆ. ತಾಲ್ಲೂಕಿಗೊಂದು ಬಣ್ಣ, ನೋಡಲು ಖುಷಿಯಾಗುತ್ತದೆ. ಫೋಟೋ ಬೇಕಿದ್ದರೆ ಹಾಕುತ್ತೇನೆ.

ಶಿರಸಿ_ಸ್ಪ್ಲೈಸರ್ | ಗುರುವಾರ ಬೆಳಗ್ಗೆ 11:26

ಟಿಆರ್-069 ಪೋರ್ಟ್ 7547 ಅನ್ನು ಹೊರಗಿನ ಇಂಟರ್ನೆಟ್‌ಗೆ ಮುಚ್ಚಿದ್ದೀರಿ ತಾನೇ? 2016ರ ನವೆಂಬರ್‌ನಲ್ಲಿ ಜರ್ಮನಿಯಲ್ಲಿ ಸುಮಾರು 9 ಲಕ್ಷ ಗ್ರಾಹಕರ ರೂಟರ್‌ಗಳು ಕೈಕೊಟ್ಟಿದ್ದು ಅದೇ ಪೋರ್ಟ್‌ಗೆ ಮಿರಾಯ್ ಅನ್ನುವ ಮಾಲ್‌ವೇರ್ ತಳಿಯ ದಾಳಿ ಬಂದಾಗ.

ಕರಾವಳಿ_ನೆಟ್ | ಗುರುವಾರ ಬೆಳಗ್ಗೆ 11:34

ಅದು ನನಗೂ ಗೊತ್ತು. ನನ್ನದು ಪೂರ್ತಿ ಒಳಗಿನ ನೆಟ್‌ವರ್ಕ್. ಆದರೆ ಓಎಲ್‌ಟಿಯನ್ನೇ ಕೇಳಬೇಕು ಅನ್ನುವ ಮಾತನ್ನು ಬಿಟ್ಟುಕೊಡುವುದಿಲ್ಲ.

ಡ್ಯಾಶ್‌ಬೋರ್ಡ್_ಬೆಂಗಳೂರು | ಗುರುವಾರ ಬೆಳಗ್ಗೆ 11:50

ಓಎಲ್‌ಟಿ ಆನ್‌ಲೈನ್ ಅಂದರೆ ಬೆಳಕು ತಲುಪಿದೆ ಅಂತ ಮಾತ್ರ. ಓಎನ್‌ಯು ಹ್ಯಾಂಗ್ ಆಗಿದ್ದರೆ ಅದು ಹೇಗೆ ಗೊತ್ತಾಗುತ್ತದೆ? ಪಿಂಗ್ ಬೇಕೇ ಬೇಕು. ಐದು ನಿಮಿಷದ ಪೋಲಿಂಗ್ ಕೂಡ ನಿಧಾನವಾಯಿತು. ನಾನು 60 ಸೆಕೆಂಡ್ ಇಟ್ಟಿದ್ದೇನೆ.

ಕರಾವಳಿ_ನೆಟ್ | ಗುರುವಾರ ಮಧ್ಯಾಹ್ನ 12:05

60 ಸೆಕೆಂಡಿಗೊಮ್ಮೆ ಕೇಳಿದರೆ ಸಣ್ಣ ಓಎಲ್‌ಟಿಯ ಸಿಪಿಯು ಸುಸ್ತಾಗುತ್ತದೆ. ನಾನು ಪಟ್ಟ ಪಾಡು ನನಗೆ ಗೊತ್ತು.

ಮಲೆನಾಡು_ಫೈಬರ್ | ಗುರುವಾರ ಮಧ್ಯಾಹ್ನ 12:40

ದಯವಿಟ್ಟು ನನ್ನ ಸಮಸ್ಯೆಗೆ ಬನ್ನಿ. 50 ಮಾಡಿದೆ, 600 ದಾಟಿತು. ವಾಪಸ್ 1 ಮಾಡಿದರೆ 200ಕ್ಕೆ ಇಳಿಯುತ್ತದೆ. ನನ್ನ ಲ್ಯಾಪ್‌ಟಾಪ್‌ನಿಂದ ಅದೇ ಕೆಂಪು ಐಪಿಗೆ ಪಿಂಗ್ ಮಾಡಿದರೆ 3 ಮಿಲಿಸೆಕೆಂಡ್‌ಗೆ ಉತ್ತರ ಬರುತ್ತದೆ. ತಲೆ ಕೆಟ್ಟುಹೋಗಿದೆ.

ಹಾಸನ_ಪೆಂಗ್ವಿನ್ | ಗುರುವಾರ ಮಧ್ಯಾಹ್ನ 1:15

ಈಗ ಹೇಳಿದಿರಲ್ಲ, ಪಿಂಗರ್ ಏರಿಸಿದರೆ ಕೆಂಪು ಏರುತ್ತದೆ, ಇಳಿಸಿದರೆ ಇಳಿಯುತ್ತದೆ ಅಂತ. ಲ್ಯಾಪ್‌ಟಾಪ್‌ನಿಂದ ಸರಿ ಇದೆ. ಅಂದರೆ ತೊಂದರೆ ಆ ಸರ್ವರ್ ಒಳಗೇ ಇದೆ. ಇಷ್ಟಕ್ಕೆ ಉತ್ತರ ಕೊಡಿ. ಒಟ್ಟು ಓಎನ್‌ಯು ಎಷ್ಟು? ಎಲ್ಲ ಒಂದೇ ಮ್ಯಾನೇಜ್‌ಮೆಂಟ್ ವಿಲ್ಯಾನ್‌ನಲ್ಲಿವೆಯಾ (ಸ್ವಿಚ್‌ನಲ್ಲಿ ಬೇರ್ಪಡಿಸಿದ ಒಂದು ನೆಟ್‌ವರ್ಕ್)? ಸರ್ವರ್‌ನ ಕೇಬಲ್ ಕೂಡ ಅದೇ ವಿಲ್ಯಾನ್‌ಗೆ ಹೋಗಿದೆಯಾ, ಇಲ್ಲ ಮಧ್ಯೆ ರೂಟರ್ ಇದೆಯಾ? ಸರ್ವರ್ ಮೇಲೇ ಕೂತು ಒಂದು ಕೆಂಪು ಐಪಿಗೆ ಕೈಯಾರೆ ಪಿಂಗ್ ಮಾಡಿ, ಏನು ಬರುತ್ತದೋ ಅಕ್ಷರ ಬಿಡದೆ ಹಾಕಿ. ಸರ್ವರ್ ಮುಟ್ಟಿಲ್ಲ ಅಂದಿರಿ, ಸರಿ. ಊರಿನಲ್ಲಿ ಹೊಸ ಕನೆಕ್ಷನ್ ಎಷ್ಟು ಕೊಟ್ಟಿರಿ?

ಮಲೆನಾಡು_ಫೈಬರ್ | ಗುರುವಾರ ಮಧ್ಯಾಹ್ನ 1:50

ಒಟ್ಟು 1,310. ಹೋದ ತಿಂಗಳವರೆಗೆ 900 ಇತ್ತು. ಎರಡನೇ ಓಎಲ್‌ಟಿ ತಂದೆವು, ಎರಡು ವಾರದಲ್ಲಿ ನಾನೂರು ಮನೆ ಸೇರಿದವು. ಎಲ್ಲ ಒಂದೇ ವಿಲ್ಯಾನ್, /21 ಸಬ್‌ನೆಟ್ (ಸುಮಾರು 2,000 ಐಪಿ ಹಿಡಿಯುತ್ತದೆ). ಸರ್ವರ್ ಕೂಡ ಅದರಲ್ಲೇ ಇದೆ, ಮಧ್ಯೆ ರೂಟರ್ ಇಲ್ಲ. ಎಲ್ಲರೂ ಹೀಗೇ ಮಾಡಿರುತ್ತಾರೆ ಅಂದುಕೊಂಡು ಬರೆಯಲಿಲ್ಲ.

ಸರ್ವರ್‌ನಿಂದ ಪಿಂಗ್ ಮಾಡಿದರೆ "ನೋ ಬಫರ್ ಸ್ಪೇಸ್ ಅವೈಲಬಲ್" ಅಂತ ಬರುತ್ತದೆ. ರ‍್ಯಾಮ್ ಮಾತ್ರ ಅರ್ಧಕ್ಕಿಂತ ಜಾಸ್ತಿ ಖಾಲಿ ಇದೆ.

ಹಾಸನ_ಪೆಂಗ್ವಿನ್ | ಗುರುವಾರ ಮಧ್ಯಾಹ್ನ 2:20

ಸಿಕ್ಕಿತು. ಡಿಮೆಸೇಜ್ ಕಮಾಂಡ್ ಹೊಡೆಯಿರಿ, ಲಿನಕ್ಸ್‌ನ ತಿರುಳಾದ ಕರ್ನಲ್‌ನ ಸಂದೇಶಗಳು ಕಾಣುತ್ತವೆ. "ಎಆರ್‌ಪಿ ಕ್ಯಾಶ್, ನೇಬರ್ ಟೇಬಲ್ ಓವರ್‌ಫ್ಲೋ" ಅನ್ನುವ ಸಾಲು ಮೇಲಿಂದ ಮೇಲೆ ಬಂದಿರಬೇಕು.

ಒಂದೇ ವಿಲ್ಯಾನ್‌ನಲ್ಲಿ ಇರುವ ಸಾಧನದ ಜೊತೆ ಮಾತಾಡಲು ಸರ್ವರ್‌ಗೆ ಐಪಿ ಸಾಲದು, ಅದರ ಮ್ಯಾಕ್ ವಿಳಾಸ (ಹಾರ್ಡ್‌ವೇರ್ ಗುರುತು) ಬೇಕು. ಎಆರ್‌ಪಿಯಲ್ಲಿ ಕೂಗಿ ಕೇಳಿ, ಸಿಕ್ಕ ಉತ್ತರವನ್ನು ಒಂದು ಪಟ್ಟಿಯಲ್ಲಿ ಬರೆದಿಟ್ಟುಕೊಳ್ಳುತ್ತದೆ. ಲಿನಕ್ಸ್‌ನಲ್ಲಿ ಈ ಪಟ್ಟಿಗೆ ಮೂರು ಮಿತಿಗಳಿವೆ. ಜಿಸಿ ಥ್ರೆಶ್ 1, 2, 3. ಡಿಫಾಲ್ಟ್ 128, 512, 1024. ನಿಮ್ಮ ಮನೆಗಳು 1,310. ಪಟ್ಟಿ ತುಂಬಿದ ಮೇಲೆ ಹೊಸ ಹೆಸರು ಬರೆಯಲು ಜಾಗ ಇಲ್ಲ, ಪ್ಯಾಕೆಟ್ ಸರ್ವರ್‌ನಿಂದ ಹೊರಗೇ ಹೋಗುವುದಿಲ್ಲ. ಎಷ್ಟು ರ‍್ಯಾಮ್ ಖಾಲಿ ಇದ್ದರೂ ಅಷ್ಟೇ. ಜ್ಯಾಬಿಕ್ಸ್ ಪಾಪ, ಉತ್ತರ ಬರಲಿಲ್ಲ ಅಂತ ಕೆಂಪು ಬಳಿಯುತ್ತದೆ.

ಡ್ಯಾಶ್‌ಬೋರ್ಡ್_ಬೆಂಗಳೂರು | ಗುರುವಾರ ಮಧ್ಯಾಹ್ನ 2:33

ಒಪ್ಪುವುದು ಕಷ್ಟ. 900 ಮನೆ ಇದ್ದಾಗಲೇ 512 ದಾಟಿತ್ತಲ್ಲ? ಆಗ ಯಾಕೆ ಆಗಲಿಲ್ಲ?

ಹಾಸನ_ಪೆಂಗ್ವಿನ್ | ಗುರುವಾರ ಮಧ್ಯಾಹ್ನ 2:47

ಒಳ್ಳೆ ಪ್ರಶ್ನೆ. 512 ಮೆತ್ತನೆ ಮಿತಿ. ಅದನ್ನು ದಾಟಿದರೆ ಕರ್ನಲ್ 5 ಸೆಕೆಂಡಿಗಿಂತ ಹಳೆಯದಾದ, ಬಳಕೆಯಲ್ಲಿಲ್ಲದ ಹೆಸರುಗಳನ್ನು ಅಳಿಸಿ ಜಾಗ ಮಾಡಿಕೊಳ್ಳುತ್ತದೆ. 1024 ಗಟ್ಟಿ ಗೋಡೆ. ಒಂದು ಪಿಂಗರ್ ಇದ್ದಾಗ ಸರ್ವರ್ ಒಂದೊಂದು ಗುಂಪಾಗಿ ನಿಧಾನವಾಗಿ ಪಿಂಗ್ ಮಾಡುತ್ತದೆ, ಅಳಿಸಲು ಸ್ವಲ್ಪ ಪುರುಸೊತ್ತು ಸಿಗುತ್ತದೆ. ನೀವು 50 ಮಾಡಿಸಿದಿರಿ. ಎಲ್ಲರ ಹೆಸರೂ ಒಂದೇ ಹೊತ್ತಿಗೆ ಬೇಕಾಯಿತು. ಅದಕ್ಕೇ ಕೆಂಪು ಜಾಸ್ತಿಯಾಗಿದ್ದು.

ಸದ್ಯಕ್ಕೆ ಸಿಸ್‌ಸಿಟಿಎಲ್‌ನಲ್ಲಿ (ಕರ್ನಲ್ ಸೆಟ್ಟಿಂಗ್ ಬದಲಿಸುವ ಕಮಾಂಡ್) ಐಪಿವಿ4ರ ಈ ಮೂರು ಮಿತಿಗಳನ್ನು 2048, 4096, 8192 ಮಾಡಿ. ಮುಂದೆ ಓಎಲ್‌ಟಿಗೆ ಒಂದರಂತೆ ವಿಲ್ಯಾನ್ ಒಡೆದು ಮಧ್ಯೆ ರೂಟರ್ ಇಡಿ. ಆಗ ಸರ್ವರ್‌ಗೆ ಗೇಟ್‌ವೇಯ ಮ್ಯಾಕ್ ಒಂದೇ ಸಾಕು, ಆದರೆ ಈ ಪಟ್ಟಿಯ ಭಾರ ರೂಟರ್ ಮೇಲೆ ಬೀಳುತ್ತದೆ, ಅದರ ಮಿತಿಯನ್ನೂ ನೋಡಿಕೊಳ್ಳಿ. ಒಂದೇ ವಿಲ್ಯಾನ್‌ನಲ್ಲಿ ಎಲ್ಲವನ್ನೂ ಸುರಿದರೆ ಒಬ್ಬರು ಎಆರ್‌ಪಿ ಕೂಗಿದಾಗ 1,310 ಮನೆಗೂ ಕೇಳಿಸುತ್ತದೆ. ಅದು ಬೇಡ.

ಮಲೆನಾಡು_ಫೈಬರ್ | ಗುರುವಾರ ಸಂಜೆ 4:05

ಡಿಮೆಸೇಜ್ ತುಂಬ ಅದೇ ಸಾಲು! ಮೂರೂ ಮಿತಿ ಬದಲಿಸಿ ಎಂಟರ್ ಒತ್ತಿದೆ. ಕಣ್ಣ ಮುಂದೆಯೇ ಕೆಂಪು ಇಳಿಯುತ್ತಾ ಬಂತು. 200, 90, 30. ಈಗ 9ಕ್ಕೆ ನಿಂತಿದೆ. ಆ ಒಂಬತ್ತೂ ನಿಜವಾದ ಡೌನ್. ಒಂದು ಅಡಿಕೆ ತೋಟದ ದಾರಿಯಲ್ಲಿ ಕೊಂಬೆ ಬಿದ್ದು ಕೇಬಲ್ ಹರಿದಿತ್ತು. ಇಷ್ಟು ದಿನ ಆ ಮನೆಗಳು ಈ ಸುಳ್ಳು ಕೆಂಪಿನ ನಡುವೆ ಕಳೆದುಹೋಗಿದ್ದವು. ಹುಡುಗ ಈಗಲೇ ಸ್ಪ್ಲೈಸಿಂಗ್ ಮಷೀನ್ ಹಿಡಿದು ಹೊರಟ. ಪೆಂಗ್ವಿನ್ ಸರ್, ತುಂಬಾ ಉಪಕಾರವಾಯಿತು.

ಕರಾವಳಿ_ನೆಟ್ | ಗುರುವಾರ ಸಂಜೆ 4:40

ಸಂತೋಷ. ಆದರೂ ಓಎಲ್‌ಟಿ ಪೋಲಿಂಗ್ ಜೊತೆಗಿದ್ದಿದ್ದರೆ ಆ ಒಂಬತ್ತು ಮನೆ ಮೊದಲ ದಿನವೇ ಸಿಗುತ್ತಿದ್ದವು. ಎರಡನ್ನೂ ಇಡಿ. ನನ್ನ ಟೆಂಪ್ಲೇಟ್ ಬೇಕಿದ್ದರೆ ಕೊಡುತ್ತೇನೆ. ಟಿವಿಯ ಫೋಟೋ ನಾಳೆ ಹಾಕುತ್ತೇನೆ.

ಮಲೆನಾಡು_ಫೈಬರ್ | ಭಾನುವಾರ ರಾತ್ರಿ 9:20

ಮತ್ತೆ ಶುರುವಾಯಿತು. 300 ಕೆಂಪು. ಅದೇ ಬಫರ್ ಮೆಸೇಜ್.

ಹಾಸನ_ಪೆಂಗ್ವಿನ್ | ಭಾನುವಾರ ರಾತ್ರಿ 9:32

ಸರ್ವರ್ ರೀಸ್ಟಾರ್ಟ್ ಆಯಿತಾ? ಕಮಾಂಡ್‌ನಲ್ಲಿ ಕೊಟ್ಟ ಮಿತಿ ರೀಸ್ಟಾರ್ಟ್ ಆದರೆ ಹೋಗುತ್ತದೆ. ಇಟಿಸಿ ಒಳಗಿನ ಸಿಸ್‌ಸಿಟಿಎಲ್ ಡಾಟ್ ಡಿ ಫೋಲ್ಡರ್‌ನಲ್ಲಿ ಒಂದು ಫೈಲ್ ಮಾಡಿ ಆ ಮೂರು ಸಾಲು ಬರೆದಿಡಬೇಕು. ಗುರುವಾರವೇ ನಾನು ಹೇಳಬೇಕಿತ್ತು, ತಪ್ಪು ನನ್ನದು.

ಹಳೇ_ಲೈನ್‌ಮನ್ | ಭಾನುವಾರ ರಾತ್ರಿ 9:41

ಸರ್ವರ್ ಯಾಕೆ ರೀಸ್ಟಾರ್ಟ್ ಆಯಿತು?

ಮಲೆನಾಡು_ಫೈಬರ್ | ಭಾನುವಾರ ರಾತ್ರಿ 10:55

ಸಂಜೆ ಗುಡುಗಿಗೆ ಕರೆಂಟ್ ಹೋಗಿತ್ತು ಅಣ್ಣ. ಯುಪಿಎಸ್ ಅರ್ಧ ನಿಮಿಷವೂ ಹಿಡಿಯಲಿಲ್ಲ. ಮಲ್ಟಿಮೀಟರ್ ಇಟ್ಟೆ. ಲೋಡ್ ಕೊಟ್ಟ ಕೂಡಲೇ 12 ವೋಲ್ಟ್ ಬ್ಯಾಟರಿ 9ಕ್ಕೆ ಕುಸಿಯುತ್ತದೆ. ನೀವು ಬುಧವಾರವೇ ಹೇಳಿದ್ದಿರಿ.

ಫೈಲ್ ಬರೆದೆ. ನಾನೇ ಬೇಕಂತ ಒಂದು ಸಲ ರೀಸ್ಟಾರ್ಟ್ ಮಾಡಿ ನೋಡಿದೆ, 8192 ಹಾಗೇ ಉಳಿದಿದೆ, ಪರದೆ ಹಸಿರು. ನಾಳೆ ಶಿವಮೊಗ್ಗಕ್ಕೆ ಹೋಗಿ ಎರಡು ಬ್ಯಾಟರಿ ತರುತ್ತೇನೆ. ಒಂದು ಸರ್ವರ್‌ಗೆ, ಒಂದು ಹೊಸ ಓಎಲ್‌ಟಿಗೆ. ಎಷ್ಟು ಎಎಚ್ ತರಲಿ ಅಣ್ಣ?