ಪದಚರ್ಚೆ: ಚೆಸ್‌ನ ‘ಫೋರ್ಸ್ಡ್ ಮೇಟ್’ಗೆ ‘ಬಲವಂತ’ ಸರಿಯೇ?

ಗೆಳೆಯರಿಗೆ ನಮಸ್ಕಾರ.

ಭಾನುವಾರ ಬೆಳಿಗ್ಗೆ ನಮ್ಮೂರಿನ ಗ್ರಂಥಾಲಯದ ಜಗುಲಿಯಲ್ಲಿ ಹತ್ತು-ಹನ್ನೆರಡು ಮಕ್ಕಳಿಗೆ ಚೆಸ್ ಹೇಳಿಕೊಡುತ್ತೇನೆ. ಎಲ್ಲರೂ ಕನ್ನಡ ಶಾಲೆಯವರು. ವಾರಕ್ಕೊಂದು ಹಾಳೆ, ಹಾಳೆಗೆ ನಾಲ್ಕು ಸಮಸ್ಯೆ. ಎದುರಾಳಿ ಏನೇ ಆಡಿದರೂ ತಪ್ಪಿಸಿಕೊಳ್ಳಲಾಗದೆ ಬೀಳುವ ಮೇಟ್‌ಗೆ ಇಂಗ್ಲಿಷಿನಲ್ಲಿ ‘ಫೋರ್ಸ್ಡ್ ಮೇಟ್’ ಎನ್ನುತ್ತಾರೆ. ಅದನ್ನೇ ಕನ್ನಡಕ್ಕೆ ತಂದು ಹೋದ ವಾರದ ಹಾಳೆಗೆ ‘ಬಲವಂತದ ಚೆಕ್‌ಮೇಟ್’ ಎಂದು ತಲೆಬರಹ ಕೊಟ್ಟಿದ್ದೆ. ಆರನೇ ತರಗತಿಯ ಹುಡುಗಿಯೊಬ್ಬಳು ಅದನ್ನು ಓದಿ, “ಬೇಡ ಅಂದ್ರೂ ಮೇಟ್ ಮಾಡಿಸ್ತಾರಾ ಸರ್?” ಎಂದು ಕೇಳಿದಳು.

ಅವಳ ಓದು ಸರಿಯಾಗಿಯೇ ಇತ್ತು, ತಪ್ಪಿದ್ದದ್ದು ನನ್ನ ಪದ. ಕನ್ನಡದಲ್ಲಿ ‘ಬಲವಂತದ’ ಎಂಬುದು ಯಾವ ಕೆಲಸಕ್ಕೆ ಅಂಟಿಕೊಳ್ಳುತ್ತದೋ ಆ ಕೆಲಸ ಮಾಡುವವನಿಗೇ ಮನಸ್ಸಿಲ್ಲ ಎಂದು ಅರ್ಥ. ಬಲವಂತದ ಮಾಘಸ್ನಾನ ಎನ್ನುತ್ತೇವೆ. ನಡುಗುತ್ತಾ ನೀರಿಗಿಳಿಯುವವನು ಸ್ನಾನ ಮಾಡುವವನೇ. ಬಲವಂತದ ಊಟ, ಬಲವಂತದ ನಗು, ಎಲ್ಲದರಲ್ಲೂ ಹೀಗೆಯೇ. ಆ ಲೆಕ್ಕದಲ್ಲಿ ‘ಬಲವಂತದ ಚೆಕ್‌ಮೇಟ್’ ಎಂದರೆ ಗೆಲ್ಲುವವನು ಒಲ್ಲದ ಮನಸ್ಸಿನಿಂದ ಗೆದ್ದ ಎಂದಾಗುತ್ತದೆ. ನಾನು ಹೇಳಹೊರಟದ್ದು ಇದರ ತದ್ವಿರುದ್ಧ: ಗೆಲ್ಲುವವನು ಬಯಸಿ ಆಡುತ್ತಿದ್ದಾನೆ, ದಾರಿ ಮುಚ್ಚಿಹೋಗಿರುವುದು ಎದುರಾಳಿಗೆ.

ಆ ಸಮಸ್ಯೆಯನ್ನೇ ಇಲ್ಲಿ ಇಡುತ್ತೇನೆ, ಪದವನ್ನು ಅದರ ಮೇಲೆ ಉಜ್ಜಿ ನೋಡಲು ಅನುಕೂಲ. (ಮನೆಯ ಹೆಸರಿನಲ್ಲಿ ಅಕ್ಷರ ಕಂಬಸಾಲನ್ನು, ಅಂಕಿ ಅಡ್ಡಸಾಲನ್ನು ಹೇಳುತ್ತದೆ.) ಬಿಳಿಯ ರಾಜ ಜಿ1, ಮಂತ್ರಿ ಸಿ4, ಕುದುರೆ ಜಿ5, ಕಾಲಾಳುಗಳು ಎಫ್2, ಜಿ2, ಎಚ್2. ಕಪ್ಪು ರಾಜ ಎಚ್8ರ ಮೂಲೆಯಲ್ಲಿ, ಆನೆ ಡಿ8, ಮಂತ್ರಿ ಬಿ2, ಕಾಲಾಳುಗಳು ಜಿ7, ಎಚ್7. (ಮಕ್ಕಳು ಮಂತ್ರಿಯನ್ನು ರಾಣಿ ಎನ್ನುತ್ತಾರೆ. ನನಗೆ ಆಟ ಕಲಿಸಿದ ನಮ್ಮ ದೊಡ್ಡಪ್ಪ ಮಂತ್ರಿ ಎನ್ನುತ್ತಿದ್ದರು, ಅದೇ ನನ್ನ ಬಾಯಲ್ಲಿ ಉಳಿದಿದೆ.) ಬಿಳಿಯ ಸರದಿ, ನಾಲ್ಕು ನಡೆಯಲ್ಲಿ ಮೇಟ್.

ಮೊದಲು ಕುದುರೆ ಎಫ್7ಕ್ಕೆ ಹಾರಿ ಚೆಕ್ ಕೊಡುತ್ತದೆ, ಅಂದರೆ ರಾಜನ ಮೇಲೇ ದಾಳಿ. ಆ ಕುದುರೆಯನ್ನು ಕಡಿಯಬಲ್ಲ ಕಾಯಿ ಯಾವುದೂ ಇಲ್ಲ, ರಾಜನಿಗೆ ಉಳಿದಿರುವುದು ಜಿ8 ಒಂದೇ ಮನೆ. ಈಗ ಕುದುರೆ ಎಚ್6ಕ್ಕೆ ಹಾರಿದರೆ ಇಮ್ಮಡಿ ಚೆಕ್: ಕುದುರೆಯದು ಒಂದು, ಅದು ಬಿಟ್ಟುಕೊಟ್ಟ ಓರೆಗೆರೆಯಲ್ಲಿ ಮಂತ್ರಿಯದು ಇನ್ನೊಂದು. ಈ ಹಂತದಲ್ಲಿ ಒಬ್ಬ ಹುಡುಗ ಎಚ್6ಕ್ಕೆ ಹೋಗದೆ ಡಿ8ರ ಆನೆಯನ್ನು ಕಡಿದ. ಅದೂ ಚೆಕ್ಕೇ, ಲಾಭದ ನಡೆಯೇ, ಆದರೆ ನಾಲ್ಕು ನಡೆಯ ಮೇಟ್ ಅಲ್ಲಿಗೆ ಕೈತಪ್ಪಿತು. ಇಮ್ಮಡಿ ಚೆಕ್ ಬಿದ್ದಾಗ ನಡುವೆ ಕಾಯಿ ಇಟ್ಟು ತಡೆಯಲು ಬರುವುದಿಲ್ಲ, ರಾಜನೇ ಕದಲಬೇಕು. ಎಫ್8ಕ್ಕೆ ಹೋದರೆ ಮಂತ್ರಿ ಎಫ್7ಕ್ಕೆ ಬಂದು ಅಲ್ಲಿಯೇ ಮೇಟ್. ಎಚ್8ಕ್ಕೆ ಮರಳಿದರೆ ಮಂತ್ರಿ ನೇರವಾಗಿ ಜಿ8ಕ್ಕೆ ನುಗ್ಗುತ್ತದೆ. ಕುದುರೆಯ ಕಾವಲಿರುವುದರಿಂದ ರಾಜ ಅದನ್ನು ಮುಟ್ಟುವಂತಿಲ್ಲ, ಆನೆಯೇ ಬಂದು ಕಡಿಯಬೇಕು. ಕಡಿದದ್ದೇ ತಡ, ಕುದುರೆ ಮತ್ತೆ ಎಫ್7ಕ್ಕೆ. ಪಕ್ಕದಲ್ಲಿ ತನ್ನದೇ ಆನೆ, ಮುಂದೆ ತನ್ನವೇ ಕಾಲಾಳುಗಳು, ರಾಜನಿಗೆ ಉಸಿರಾಡಲು ಜಾಗವಿಲ್ಲ. ಸ್ಪೇನಿನ ಲುಸೆನಾ 1497ರ ತನ್ನ ಪುಸ್ತಕದಲ್ಲೇ ಈ ಬಗೆಯ ಮೇಟನ್ನು ಕೊಟ್ಟಿದ್ದಾನೆ. ಹೆಸರು ಅಂಟಿಕೊಂಡಿರುವುದು ಮಾತ್ರ ಎಷ್ಟೋ ಕಾಲದ ನಂತರ ಬಂದ ಫ್ರಾನ್ಸಿನ ಆಟಗಾರ ಫಿಲಿಡೋರನದು.

ಇಲ್ಲಿ ಕಪ್ಪಿನ ಸ್ಥಿತಿ ಪ್ರತಿ ಹೆಜ್ಜೆಗೂ ಬೇರೆ ಎಂಬುದನ್ನು ಗಮನಿಸಿ. ಮೊದಲ ಸಲ ಇದ್ದದ್ದು ಒಂದೇ ಮನೆ. ಎರಡನೆಯ ಸಲ ಎರಡು ಮನೆ, ಎರಡೂ ಸೋಲಿಗೇ ಹೋಗುತ್ತವೆ. ಮೂರನೆಯ ಸಲ ಕಡಿಯದೆ ಬೇರೆ ಉಪಾಯವಿಲ್ಲ. ಇಂಗ್ಲಿಷಿನ ‘ಫೋರ್ಸ್ಡ್’ ಈ ಮೂರನ್ನೂ ಹೊದ್ದುಕೊಂಡಿದೆ. ನಮಗೂ ಅಷ್ಟು ಅಗಲದ ಪದ ಬೇಕು.

‘ಕಡ್ಡಾಯ’ ಯೋಚಿಸಿದೆ. ಅದರಲ್ಲಿ ನಿಯಮದ ವಾಸನೆಯಿದೆ: ಕಡ್ಡಾಯ ಹಾಜರಿ, ಕಡ್ಡಾಯ ಹೆಲ್ಮೆಟ್. ಚೆಕ್ ಬಿದ್ದಾಗ ಅದರಿಂದ ಪಾರಾಗುವುದು ಆಟದ ನಿಯಮ, ಅದು ಕಡ್ಡಾಯ ಹೌದು. ಆದರೆ ಜಿ8ಕ್ಕೇ ಹೋಗು ಎಂದು ಯಾವ ನಿಯಮವೂ ಹೇಳುವುದಿಲ್ಲ, ಮಣೆಯ ಮೇಲಿನ ಪರಿಸ್ಥಿತಿ ಹೇಳುತ್ತದೆ. ‘ಅನಿವಾರ್ಯ’ ನನಗೆ ಇಷ್ಟದ ಪದ. ವಾರಿಸಲಾಗದ್ದು, ತಡೆಯಲಾಗದ್ದು ಎಂಬ ಮೂಲಾರ್ಥವೂ ಹೊಂದುತ್ತದೆ. ತೊಡಕೆಂದರೆ ಮೇಟ್ ಎಂಬುದೇ ತಡೆಯಲಾಗದ ಚೆಕ್. ‘ಅನಿವಾರ್ಯ ಮೇಟ್’ ಎಂದಾಗ ಹೊಸದೇನೂ ಹೇಳಿದಂತಾಗದು.

ಹೀಗೆ ಹುಡುಕುತ್ತಿರುವಾಗ ಆ ಹುಡುಗಿಗೇ “ಈಗ ಕಪ್ಪು ಏನು ಮಾಡಬಹುದು ಹೇಳು” ಎಂದೆ. ಮಣೆಯನ್ನು ಒಂದು ಗಳಿಗೆ ನೋಡಿ, ಬೆರಳನ್ನು ಜಿ8ರ ಮೇಲಿಟ್ಟು, “ಇಲ್ಲಿಗೇ ಹೋಗ್ಬೇಕು, ಬೇರೆ ಗತಿಯಿಲ್ಲ” ಎಂದಳು.

ಗತಿ! ‘ಗತ್ಯಂತರವಿಲ್ಲ’ ಎಂಬುದನ್ನು ಅರ್ಜಿಗಳಲ್ಲಿ, ಪತ್ರಿಕೆಗಳಲ್ಲಿ ಎಷ್ಟೋ ಸಲ ಓದಿದ್ದೇನೆ, ಬಿಡಿಸಿ ನೋಡಿರಲಿಲ್ಲ. ಗತಿ ಎಂದರೆ ಹೋಗುವಿಕೆ, ನಡೆ. ಅಂತರ ಎಂದರೆ ಬೇರೊಂದು. ಗತ್ಯಂತರವಿಲ್ಲ ಎಂದರೆ ಅಕ್ಷರಶಃ ‘ಬೇರೆ ನಡೆ ಇಲ್ಲ’. ಕುದುರೆಯ ನಡಿಗೆಯ ಬಗೆಗಳಿಗೂ ಗತಿ ಎಂದೇ ಹೆಸರು. ಚದುರಂಗದ ಮಣೆಗೆ ಇದಕ್ಕಿಂತ ಹತ್ತಿರದ ಪದ ನನಗೆ ಕಾಣುತ್ತಿಲ್ಲ. ‘ಮೇಟ್’ ಎಂಬುದರ ಮೂಲವಾದ ‘ಮಾತ್’ ಎಂಬ ಪಾರಸಿ ಪದದ ಕಡೆಗೂ ಇದು ಕೈಚಾಚುತ್ತದೆ. ‘ಶಾಹ್ ಮಾತ್’ ಎಂದರೆ ‘ರಾಜ ಸತ್ತ’ ಎಂದು ಅರಬಿಯ ಮೂಲಕ ಅರ್ಥ ಹೇಳುವುದುಂಟು. ಪಾರಸಿಯ ‘ಮಾತ್’ಗೆ ದಿಕ್ಕುತೋಚದವನು, ಅಸಹಾಯಕ ಎಂಬ ಅರ್ಥವಿದೆ, ರಾಜ ಗತಿಗೆಟ್ಟ ಎನ್ನುವುದೇ ಸರಿ ಎಂಬ ವಾದವೂ ಇದೆ. ಈ ಆಟದಲ್ಲಿ ರಾಜನನ್ನು ಯಾರೂ ಕಡಿಯುವುದಿಲ್ಲವಾದ್ದರಿಂದ ನನ್ನ ಮನಸ್ಸು ಎರಡನೆಯದಕ್ಕೇ ಒಲಿಯುತ್ತದೆ.

ಹಾಗಾಗಿ ‘ಫೋರ್ಸ್ಡ್ ನಡೆ’ಗೆ ‘ಗತ್ಯಂತರವಿಲ್ಲದ ನಡೆ’, ಮಕ್ಕಳ ಹಾಳೆಯಲ್ಲಿ ‘ಬೇರೆ ಗತಿಯಿಲ್ಲದ ನಡೆ’ ಎಂದು ಬರೆಯಬೇಕೆಂದಿದ್ದೇನೆ. ಕ್ರಿಯಾಪದವೇ ಸಾಕು ಎನ್ನುವವರಿಗೆ ‘ಆಡಲೇಬೇಕಾದ ನಡೆ’ ಇದೆ. ಆ ಒಂದು ‘ಲೇ’ ಎಷ್ಟು ಭಾರ ಹೊರುತ್ತದೆ ನೋಡಿ.

ಇನ್ನು ಎರಡು ಗಂಟು ಉಳಿದಿವೆ, ಬಲ್ಲವರು ಬಿಡಿಸಿಕೊಡಬೇಕು.

ಸ್ಟೇಲ್‌ಮೇಟ್‌ನಲ್ಲೂ ಗತಿಯಿಲ್ಲ. ಅಲ್ಲಿ ಚೆಕ್ ಇರುವುದಿಲ್ಲ, ಆಟ ಡ್ರಾ ಆಗುತ್ತದೆ. ಗತಿ ಎಂಬ ಪದವನ್ನು ಹಿಡಿದರೆ ಮಕ್ಕಳು ಇವೆರಡನ್ನು ಬೆರೆಸಿಕೊಂಡಾರು ಎಂಬ ಭಯವಿದೆ. ‘ಬೇರೆ ಗತಿಯಿಲ್ಲ’ ಎಂದರೆ ಒಂದಾದರೂ ಉಂಟು, ಬರಿಯ ‘ಗತಿಯಿಲ್ಲ’ ಎಂದರೆ ಒಂದೂ ಇಲ್ಲ. ಈ ವ್ಯತ್ಯಾಸ ಮಕ್ಕಳ ಕಿವಿಗೆ ನಿಲ್ಲುತ್ತದೆಯೇ?

ಎರಡನೆಯದು ಮೇಟ್ ಎಂಬುದೇ. ರಾಜಕೀಯ ಸುದ್ದಿಯ ತಲೆಬರಹಗಳಲ್ಲಿ ಯಾರೋ ಯಾರಿಗೋ ಅಡ್ಡಗಾಲು ಹಾಕಿದರೂ ‘ಚೆಕ್‌ಮೇಟ್’, ಮರುದಿನ ಅವರು ಎದ್ದು ಓಡಾಡುತ್ತಿರುತ್ತಾರೆ. ಪದ ಸವೆದುಹೋಗಿದೆ. ನಮ್ಮ ಹುಲಿ-ಕುರಿ ಆಟದಲ್ಲಿ ಹುಲಿ ಅಲುಗಾಡದಂತೆ ಕುರಿಗಳನ್ನು ಇಟ್ಟಾಗ ‘ಹುಲಿ ಕಟ್ಟಿದೆ’ ಎನ್ನುತ್ತೇವೆ, ಆಟಕ್ಕೇ ‘ಹುಲಿಕಟ್ಟು’ ಎಂಬ ಹೆಸರುಂಟು. ಅದೇ ಜಾಡಿನಲ್ಲಿ ‘ರಾಜ ಕಟ್ಟು’ ಎನ್ನಬಹುದೇ? ಮೇಲಿನ ಸಮಸ್ಯೆಯ ಮೇಟ್‌ಗಂತೂ ‘ಉಸಿರುಗಟ್ಟು’ ಎಂಬುದು ಕಾಯ್ದುಕೊಂಡೇ ಇದ್ದಂತಿದೆ, ಅದರೊಳಗೂ ಅದೇ ಕಟ್ಟು ಇದೆ. ನಿಮ್ಮ ಕಡೆಯ ಹಳಬರು ಚದುರಂಗ ಮುಗಿದಾಗ ಏನೆಂದು ಕೂಗುತ್ತಿದ್ದರು? ಆ ಮಾತು ನೆನಪಿದ್ದವರು ಊರಿನ ಹೆಸರಿನೊಂದಿಗೆ ತಿಳಿಸಿ. ಮುಂದಿನ ಹಾಳೆಯನ್ನು ಶನಿವಾರ ಸಂಜೆ ಜೆರಾಕ್ಸ್ ಮಾಡಿಸಬೇಕು, ತಲೆಬರಹದ ಜಾಗ ಖಾಲಿ ಬಿಟ್ಟಿದ್ದೇನೆ.