ಮನೆ, ಅಡಿಕೆ ಅಂಗಳ, ಗೇಟು: ಹೊರಗಿನ ಕ್ಯಾಮೆರಾ ಎಷ್ಟು ಬೇಕು, ಹೇಗೆ ಹಾಕಿಸೋದು?

ತೋಟದಮನೆ_ಸಾಗರ:

ಎಲ್ಲರಿಗೂ ನಮಸ್ಕಾರ. ಸಾಗರ ತಾಲೂಕಿನಲ್ಲಿ ಒಂಟಿ ಮನೆ. ಕೊನೆಕೊಯ್ಲು ಶುರುವಾಗೋದರೊಳಗೆ ಹೊರಗಡೆ ಕ್ಯಾಮೆರಾ ಹಾಕಿಸಬೇಕು. ನೋಡಬೇಕಾದ ಜಾಗ ನಾಲ್ಕು: ಮುಂಬಾಗಿಲು, ಹಿಂದೆ ಕೊಟ್ಟಿಗೆ ಕಡೆ, ಅಡಿಕೆ ಒಣಹಾಕುವ ಅಂಗಳ (ಸುಮಾರು 20 ಮೀಟರ್ ಉದ್ದ, 12 ಅಗಲ), ಮತ್ತೆ ಮನೆಯಿಂದ 70 ಮೀಟರ್ ದೂರದ ಗೇಟು. ಅಂಗಡಿಯವರ ಕೊಟೇಶನ್: 2 ಮೆಗಾಪಿಕ್ಸೆಲ್‌ನ ಎಂಟು ಕ್ಯಾಮೆರಾ, ಎಲ್ಲಕ್ಕೂ 2.8 ಎಂಎಂ ಲೆನ್ಸ್, ಡಿವಿಆರ್ (ರೆಕಾರ್ಡ್ ಮಾಡುವ ಪೆಟ್ಟಿಗೆ), 1 ಟಿಬಿ ಹಾರ್ಡ್‌ಡಿಸ್ಕ್, ಎಲ್ಲವೂ 12 ಅಡಿ ಎತ್ತರದಲ್ಲಿ. ಎಂಟು ಬೇಕಾ? ವೈಫೈದು ತಗೊಂಡ್ರೆ ವೈರಿಂಗ್ ರಗಳೆ ತಪ್ಪುತ್ತಾ? ಕರೆಂಟ್ ಹೋಗೋದು ಮಾಮೂಲು, ಸಿಡಿಲೂ ಜೋರು. 150 ಎಎಚ್ ಬ್ಯಾಟರಿಯ ಇನ್ವರ್ಟರ್ ಮತ್ತು ಫೈಬರ್ ಇಂಟರ್ನೆಟ್ ಇದೆ.

ಲೆನ್ಸ್_ಲೆಕ್ಕ:

ಎಂಟು ಬೇಡ, ಐದು ಸಾಕು. ಆದರೆ ಐದಕ್ಕೂ ಒಂದೇ ಲೆನ್ಸ್ ಆಗಲ್ಲ. ಯಾರೋ ಬಂದರು ಅಂತ ತಿಳಿಯೋದು ಬೇರೆ, ಬಂದವರು ಯಾರು ಅಂತ ಗುರುತು ಹಿಡಿಯೋದು ಬೇರೆ. ಅಪರಿಚಿತರ ಮುಖ ಗುರುತಾಗಲು ಆ ಜಾಗದ ಒಂದು ಮೀಟರ್ ಅಗಲಕ್ಕೆ 250 ಪಿಕ್ಸೆಲ್ ಬೇಕು ಅನ್ನೋದು ಈ ಕ್ಷೇತ್ರದಲ್ಲಿ ಒಪ್ಪಿದ ಅಳತೆ. 4 ಮೆಗಾಪಿಕ್ಸೆಲ್ ಚಿತ್ರದ ಅಗಲ 2560 ಪಿಕ್ಸೆಲ್. ಅಂದರೆ 10 ಮೀಟರ್ ಅಗಲದ ನೋಟಕ್ಕೆ ಅಷ್ಟೂ ಖರ್ಚಾಯ್ತು. ಲೆನ್ಸಿನ ಎಂಎಂ ಕಮ್ಮಿಯಾದಷ್ಟೂ ನೋಟ ಅಗಲ. ಹಾಗಾಗಿ ಇದನ್ನೇ ದೂರದ ಲೆಕ್ಕದಲ್ಲಿ ಹೇಳಿದರೆ 2.8 ಎಂಎಂ ಲೆನ್ಸಿನಲ್ಲಿ ಮುಖ ಸಿಗೋದು ಸುಮಾರು 4 ಮೀಟರ್‌ವರೆಗೆ, 4 ಎಂಎಂನಲ್ಲಿ 6, 6 ಎಂಎಂನಲ್ಲಿ 10-11. ನಿಮ್ಮ ಕೊಟೇಶನ್ನಿನ 2 ಮೆಗಾಪಿಕ್ಸೆಲ್, 2.8 ಎಂಎಂ ಜೋಡಿಗೆ ಮೂರು ಮೀಟರ್ ಚಿಲ್ಲರೆ ಅಷ್ಟೇ. ಇದೂ ಹಗಲಿನ ಲೆಕ್ಕ, ರಾತ್ರಿ ಇನ್ನೂ ಕಮ್ಮಿ.

ಹಾಗಾಗಿ ಮುಂಬಾಗಿಲಿಗೆ 2.8, ಕೊಟ್ಟಿಗೆಗೆ 4, ಗೇಟಿಗೆ 6. ಅಂಗಳಕ್ಕೆ 4 ಎಂಎಂನ ಎರಡು, ಎದುರುಬದುರು ಮೂಲೆಯಲ್ಲಿ, ಒಂದರ ಬುಡ ಇನ್ನೊಂದಕ್ಕೆ ಕಾಣುವ ಹಾಗೆ. ಕ್ಯಾಮೆರಾ ಕೆಳಗೇ ನಿಂತು ವೈರ್ ಕತ್ತರಿಸಿದವನು ಆಗ ಇನ್ನೊಂದರಲ್ಲಿ ಸಿಗುತ್ತಾನೆ. ಎತ್ತರ 8-9 ಅಡಿ. 12 ಅಡಿಯಿಂದ ಬರೀ ಟೋಪಿ, ಮಂಡಾಳೆ ಕಾಣುತ್ತೆ.

ಡಿಸ್ಕ್: ಎಚ್.265ರಲ್ಲಿ (ವಿಡಿಯೊ ಕುಗ್ಗಿಸಿ ಉಳಿಸುವ ಒಂದು ವಿಧಾನ) ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ಅಂತ ಹಿಡಿದರೆ ದಿನಕ್ಕೆ 21.6 ಜಿಬಿ, ಐದಕ್ಕೆ 108 ಜಿಬಿ. 1 ಟಿಬಿ ಒಂಬತ್ತು ದಿನಕ್ಕೆ ಮುಗೀತು. 4 ಟಿಬಿ ಹಾಕಿದರೆ ತಿಂಗಳು ದಾಟುತ್ತೆ. ಸಿಸಿಟಿವಿಗೆಂದೇ ಬರುವ ಡಿಸ್ಕನ್ನೇ ಕೇಳಿ. ಹಳೇ ಕಂಪ್ಯೂಟರಿನದು ಹಗಲೂರಾತ್ರಿ ಬರೆಯೋ ಕೆಲಸಕ್ಕೆ ಬಾಳಲ್ಲ.

ವೈಫೈ ಆದರೂ ಪ್ರತಿ ಕ್ಯಾಮೆರಾಗೆ ಕರೆಂಟ್ ವೈರ್ ಎಳೆಯಲೇಬೇಕಲ್ಲ! ಅದರ ಬದಲು ಕರೆಂಟು, ಚಿತ್ರ ಎರಡೂ ಒಂದೇ ಕೇಬಲ್ಲಿನಲ್ಲಿ ಹೋಗುವ ಪಿಒಇ ಕ್ಯಾಮೆರಾ, ಅದಕ್ಕೆ ಹೊಂದುವ ರೆಕಾರ್ಡಿಂಗ್ ಪೆಟ್ಟಿಗೆ ಅಂದರೆ ಎಂಟು ಚಾನೆಲ್ ಎನ್‌ವಿಆರ್ ತಗೊಳ್ಳಿ.

ಕೇಬಲ್_ಭಟ್ಟ:

ಮೇಲಿನ ಲೆಕ್ಕ ಸರಿ ಇದೆ. ಮಲೆನಾಡಲ್ಲಿ ಕ್ಯಾಮೆರಾ ಹಾಳಾಗೋದಕ್ಕಿಂತ ಮೊದಲು ಅದರ ಜಾಯಿಂಟು ಹಾಳಾಗುತ್ತೆ, ಅದನ್ನು ಹೇಳ್ತೀನಿ.

ಪಿಒಇಗೆ ಎಳೆಯುವ ಕ್ಯಾಟ್-6 ಕೇಬಲ್ ಪೂರ್ತಿ ತಾಮ್ರದ್ದಾಗಿರಲಿ. ಅಲ್ಯೂಮಿನಿಯಂಗೆ ತಾಮ್ರ ಲೇಪಿಸಿದ್ದನ್ನು ಸಿಸಿಎ ಅಂತಾರೆ, ಅಗ್ಗದ ಕೊಟೇಶನ್ನಿನಲ್ಲಿ ಅದೇ ಇರುತ್ತೆ. ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗಿದ್ದರೆ ವಾಪಸ್ ಕೊಡಿ. ಅದರ ರೆಸಿಸ್ಟೆನ್ಸ್ ತಾಮ್ರದ ಒಂದೂವರೆ ಪಟ್ಟು. ಹಗಲು ಚೆನ್ನಾಗೇ ಓಡುತ್ತೆ. ಕತ್ತಲಾಗಿ ಐಆರ್ ದೀಪ (ರಾತ್ರಿ ಚಿತ್ರಕ್ಕೆ ಕ್ಯಾಮೆರಾದಲ್ಲೇ ಇರುವ ಇನ್‌ಫ್ರಾರೆಡ್ ದೀಪ) ಹತ್ತಿದ ಕೂಡಲೇ ಕ್ಯಾಮೆರಾ ಜಾಸ್ತಿ ವಾಟ್ ಎಳೆಯುತ್ತೆ, ವೋಲ್ಟೇಜ್ ಬೀಳುತ್ತೆ, ಕ್ಯಾಮೆರಾ ಆಫ್ ಆಗಿ ಆನ್ ಆಗ್ತಾ ಇರುತ್ತೆ. ರಾತ್ರಿ ಮಾತ್ರ ಬರುವ ಈ ಕಾಯಿಲೆಗೆ ಕ್ಯಾಮೆರಾ ಬದಲಾಯಿಸಿ ಪ್ರಯೋಜನ ಇಲ್ಲ.

ಕ್ಯಾಮೆರಾದ ಬಾಲದಲ್ಲಿರುವ ಆರ್‌ಜೆ-45 ಜಾಯಿಂಟನ್ನು (ನೆಟ್‌ವರ್ಕ್ ಕೇಬಲ್ ಸಿಕ್ಕಿಸುವ ಜಾಗ) ಗೋಡೆ ಮೇಲೆ ಟೇಪ್ ಸುತ್ತಿ ನೇತುಹಾಕುತ್ತಾರೆ. ಅದು ಒಂದು ಮಳೆಗಾಲ ಬಂದರೆ ಹೆಚ್ಚು. ಒಳಗೆ ತೇವ ಸೇರಿ, 48 ವೋಲ್ಟ್ ಡಿಸಿ ಹರೀತಾ ಇದ್ದರೆ ಪಿನ್ನು ಹಸಿರುಗಟ್ಟಿ ಸವೆದುಹೋಗುತ್ತೆ. ಪ್ರತಿ ಕ್ಯಾಮೆರಾ ಹಿಂದೆ ಜಂಕ್ಷನ್ ಬಾಕ್ಸ್ ಕೂರಿಸಿ, ಜಾಯಿಂಟು ಅದರೊಳಗಿರಲಿ, ಜೊತೆಗೆ ಬಂದ ರಬ್ಬರ್ ಗ್ಲ್ಯಾಂಡ್ ಎಸೆಯದೆ ಹಾಕಿಸಿ, ಪಿನ್ನಿಗೆ ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚಿಸಿ. ಕೇಬಲ್ ಬಾಕ್ಸಿಗೆ ಕೆಳಗಿನಿಂದ ಹತ್ತಬೇಕು. ಒಳಹೋಗುವ ಮೊದಲು ಒಂದು ಬಳುಕು ಕೆಳಗೆ ಬಿಟ್ಟರೆ ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತೆ. ಬಾಕ್ಸಿನ ಮೇಲಂಚು, ಪಕ್ಕ ಸಿಲಿಕಾನ್ ಹಾಕಿ, ಕೆಳಗಂಚು ಬಿಡಿ. ವಿನೆಗರ್ ವಾಸನೆ ಬರುವ ಸಿಲಿಕಾನ್ ತಾಮ್ರ ತಿನ್ನುತ್ತೆ, ನ್ಯೂಟ್ರಲ್ ಅಂತ ಬರೆದಿರೋದು ತನ್ನಿ.

ಹೊರಗೆ ಡೋಮ್ ಬೇಡವೇ ಬೇಡ. ಗುಮ್ಮಟದ ಮೇಲೆ ಹನಿ ಕೂತರೆ ಐಆರ್ ಬೆಳಕು ವಾಪಸ್ ಲೆನ್ಸಿಗೇ ಹೊಡೆದು ಚಿತ್ರ ಬೆಳ್ಳಗಾಗುತ್ತೆ. ಬುಲೆಟ್ (ಉದ್ದ ಕೊಳವೆಯಂಥದು) ಅಥವಾ ಟರೆಟ್ (ಗುಮ್ಮಟ ಇಲ್ಲದ ಗುಂಡನೆಯದು) ಸಾಕು. ಜೇಡ ಮಾತ್ರ ಎಲ್ಲದಕ್ಕೂ ಬಲೆ ಕಟ್ಟುತ್ತೆ, ಆಗಾಗ ಕೋಲಿಗೆ ಬಟ್ಟೆ ಕಟ್ಟಿ ಒರೆಸೋದೇ. ಅಳಿಲು, ಇಲಿ ಇರುವ ಕಡೆ ಕೇಬಲ್ ಪೂರಾ 25 ಎಂಎಂ ಪಿವಿಸಿ ಪೈಪಿನೊಳಗಿರಲಿ.

ಅರ್ತಿಂಗ್_ಅಣ್ಣ:

ಮಾರಾಯ್ರೆ, 70 ಮೀಟರ್ ಗೇಟಿಗೆ ತಾಮ್ರದ ಕೇಬಲ್ ಎಳೀಬೇಡಿ. ಪಿಒಇ 100 ಮೀಟರ್‌ವರೆಗೆ ಹೋಗುತ್ತೆ, ನಿಜ. ಆದರೆ ಹತ್ತಿರದಲ್ಲೆಲ್ಲೋ ಸಿಡಿಲು ಬಡಿದರೂ ಅಷ್ಟು ಉದ್ದದ ತಂತಿಯಲ್ಲಿ ವೋಲ್ಟೇಜ್ ಹುಟ್ಟಿ, ನೆಟ್ಟಗೆ ಎನ್‌ವಿಆರ್ ಒಳಗೆ ಬರುತ್ತೆ. ಹೂತಿಟ್ಟರೂ ಬರದೇ ಇರಲ್ಲ. ಗೇಟಿನ ಕ್ಯಾಮೆರಾ ಒಂದು ಹೋದರೆ ಹೋಗಲಿ, ಅದರ ಜೊತೆ ಎನ್‌ವಿಆರ್, ರೂಟರ್, ಟಿವಿ ಎಲ್ಲ ಹೋಗೋದು ಬೇಡ.

ಗೇಟಿಗೆ ಫೈಬರ್ ಎಳೀರಿ. ಉಕ್ಕಿನ ತಂತಿ ಇಲ್ಲದ, ಎಫ್‌ಆರ್‌ಪಿ (ನಾರು ಸೇರಿಸಿದ ಪ್ಲಾಸ್ಟಿಕ್) ಕಡ್ಡಿ ಇರುವ ಡ್ರಾಪ್ ಕೇಬಲ್ ಕೇಳಿ, ಒಂದಿಂಚಿನ ಎಚ್‌ಡಿಪಿಇ ಪೈಪಿನಲ್ಲಿ ಒಂದೂವರೆ ಅಡಿ ಆಳದಲ್ಲಿ ಹಾಕಿ. ಎರಡು ತುದಿಗೂ ಫೈಬರನ್ನು ಮಾಮೂಲಿ ನೆಟ್‌ವರ್ಕ್ ಕೇಬಲ್ಲಿಗೆ ಸೇರಿಸುವ ಮೀಡಿಯಾ ಕನ್ವರ್ಟರ್ ಬೇಕು: ಒಂದೇ ಎಳೆಯದ್ದಾದರೆ ಒಂದು ಎ, ಒಂದು ಬಿ. ಎರಡೂ ಎ ತಂದರೆ ಲಿಂಕ್ ಲೈಟ್ ಹತ್ತಲ್ಲ, ಫೈಬರ್ ಹಾಳಾಗಿದೆ ಅಂತ ಸುಮ್ಮನೆ ಅಗೆಯುತ್ತಾ ಕೂರ್ತೀರಿ. ತುದಿಯ ಸ್ಪ್ಲೈಸಿಂಗ್ (ಎಳೆ ಬೆಸೆಯೋದು) ಇಂಟರ್ನೆಟ್ ಹುಡುಗರೇ ಮಾಡಿಕೊಡ್ತಾರೆ. ಗೇಟಿನ ದೀಪದ ಲೈನ್ ಇದ್ದರೆ ಕ್ಯಾಮೆರಾಗೆ, ಕನ್ವರ್ಟರಿಗೆ ಕರೆಂಟ್ ಅಲ್ಲಿಂದಲೇ. ರೂಟರಿಗೆ ಬರುವಂಥ 12 ವೋಲ್ಟ್ ಮಿನಿ ಯುಪಿಎಸ್ ಅದೇ ಬಾಕ್ಸಿನಲ್ಲಿಡಿ, ಆದರೆ ಅದರ ಆಂಪಿಯರ್ ಎರಡೂ ಸಾಮಾನಿಗೆ ಸಾಲುತ್ತಾ ನೋಡಿ.

ಮನೆ ಸುತ್ತಲಿನ ನಾಲ್ಕು ಕ್ಯಾಮೆರಾಗೆ ತಾಮ್ರವೇ ಸರಿ, ಮೇನ್ ಬೋರ್ಡಿಗೆ ಸರ್ಜ್ ಪ್ರೊಟೆಕ್ಟರ್ (ಏಕಾಏಕಿ ಏರಿದ ವೋಲ್ಟೇಜನ್ನು ನೆಲಕ್ಕೆ ಹರಿಸುವ ಸಾಧನ) ಹಾಕಿಸಿ. ಅರ್ತಿಂಗ್ ಇಲ್ಲದ ಸರ್ಜ್ ಪ್ರೊಟೆಕ್ಟರ್ ಇದ್ದೂ ಇಲ್ಲದ ಹಾಗೆ. ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗಿ ಅರ್ತಿಂಗ್ ಕೈಕೊಡುತ್ತೆ, ಸಿಡಿಲು ಜೋರಾಗಿರೋದೂ ಆ ಏಪ್ರಿಲ್-ಮೇಯಲ್ಲೇ. ಗುಂಡಿಗೆ ನೀರು ಬಿಡ್ತಾ ಇರಿ.

ಎನ್‌ವಿಆರ್, ಡಿಸ್ಕ್, ನಾಲ್ಕು ಕ್ಯಾಮೆರಾ, ರೂಟರ್ ಸೇರಿ 50-55 ವಾಟ್ ಆಗಬಹುದು. ಬ್ಯಾಟರಿ ಚೆನ್ನಾಗಿದ್ದು ಬೇರೆ ಲೋಡ್ ಇಲ್ಲದಿದ್ದರೆ ಹೆಚ್ಚುಕಮ್ಮಿ ಇಡೀ ದಿನ. ಫ್ಯಾನು, ಲೈಟೂ ಅದರಲ್ಲೇ ಇದ್ದರೆ ಲೆಕ್ಕ ಬೇರೆ. ಇನ್ವರ್ಟರಿನ ಸ್ವಿಚ್ ಯುಪಿಎಸ್ ಮೋಡಿನಲ್ಲಿಡಿ. ಇಲ್ಲದಿದ್ದರೆ ಕರೆಂಟ್ ಹೋದಾಗೆಲ್ಲ ಎನ್‌ವಿಆರ್ ರೀಸ್ಟಾರ್ಟ್ ಆಗಬಹುದು.

ಹಳೇ_ಕೋಆಕ್ಸ್:

ಡಿವಿಆರ್ ಬಗ್ಗೆ ಒಂದು ಮಾತು. ಗೋಡೆಯೊಳಗೆ ಮೊದಲೇ ಅದಕ್ಕೆ ಬೇಕಾದ ಕೋಆಕ್ಸ್ (ಕೇಬಲ್ ಟಿವಿಯಂಥ ವೈರ್) ಎಳೆದಿದ್ದರೆ ಒಡೆಯೋ ಅಗತ್ಯ ಇಲ್ಲ, 5 ಮೆಗಾಪಿಕ್ಸೆಲ್‌ನ ಅನಲಾಗ್ ಎಚ್‌ಡಿ ಕ್ಯಾಮೆರಾನೂ ಬರುತ್ತೆ. ಹೊಸದಾಗಿ ಎಳೆಯೋದಾದರೆ ಮಾತ್ರ ಪಿಒಇಯೇ ಸೈ.

ತೋಟದಮನೆ_ಸಾಗರ:

ತುಂಬಾ ಉಪಕಾರ ಆಯ್ತು. ಇನ್ನೆರಡು ಪ್ರಶ್ನೆ. ರಾತ್ರಿ ಗೇಟಿಗೆ ಬರುವ ಗಾಡಿ ನಂಬರ್ ಓದೋಕಾಗುತ್ತಾ? ಗೇಟಿಗೆ ಸಿಮ್ ಹಾಕುವ ಸೋಲಾರ್ ಕ್ಯಾಮೆರಾ ನಡೆಯಲ್ವಾ?

ಲೆನ್ಸ್_ಲೆಕ್ಕ:

ಮುಖ ನೋಡುವ ಕ್ಯಾಮೆರಾದಲ್ಲಿ ರಾತ್ರಿ ನಂಬರ್ ಸಿಗಲ್ಲ, ಹೆಡ್‌ಲೈಟಿಗೆ ಚಿತ್ರ ಸುಟ್ಟುಹೋಗುತ್ತೆ. ಬೇಕೇ ಬೇಕು ಅಂದರೆ ನಂಬರಿಗೇ ಇನ್ನೊಂದು ಕ್ಯಾಮೆರಾ: 6 ಅಥವಾ 8 ಎಂಎಂ, ನೆಲದಿಂದ ನಾಲ್ಕಡಿ ಎತ್ತರ, ಗಾಡಿ ಬರುವ ನೇರಕ್ಕೆ 30 ಡಿಗ್ರಿಗಿಂತ ಓರೆಯಾಗದ ಹಾಗೆ. ಶಟರ್ ಆಟೋ ಬಿಟ್ಟು 1/500ಕ್ಕೆ ಹಾಕಿ, ಐಆರ್ ಆನ್ ಇಡಿ. ಸುತ್ತೆಲ್ಲ ಕಪ್ಪಾಗಿ ಪ್ಲೇಟ್ ಮಾತ್ರ ಹೊಳೆಯುತ್ತೆ, ಬೇಕಿರೋದೂ ಅಷ್ಟೇ.

ಸೋಲಾರ್ ಕ್ಯಾಮೆರಾ ಸಾಮಾನ್ಯವಾಗಿ ನಿದ್ದೆಯಲ್ಲಿದ್ದು, ಯಾರಾದರೂ ಬಂದಾಗ ಏಳುತ್ತೆ. ಬಿರುಸಾಗಿ ಹೋದ ಬೈಕು ಏಳುವಷ್ಟರಲ್ಲಿ ದಾಟಿರುತ್ತೆ. ಜುಲೈ-ಆಗಸ್ಟಿನ ಮೋಡಕ್ಕೆ ಬ್ಯಾಟರಿಯೂ ತುಂಬಲ್ಲ. ಮಳೆ ನಿಂತ ಮೇಲಿನ ತೋಟದ ಕಾವಲಿಗಾದರೆ ಅಡ್ಡಿಯಿಲ್ಲ.

ಕೇಬಲ್_ಭಟ್ಟ:

ಹಾಕುವವರಿಗೆ ಹಣ ಚುಕ್ತಾ ಮಾಡುವ ಮೊದಲು ಎರಡು ಕೆಲಸ. ಆ್ಯಪಿನಲ್ಲಿ ಎನ್‌ವಿಆರ್ ನಿಮ್ಮ ನಂಬರಿನ ಅಕೌಂಟಿಗೇ ಸೇರಿರಬೇಕು, ಅಡ್ಮಿನ್ ಪಾಸ್‌ವರ್ಡ್ ನೀವೇ ಟೈಪ್ ಮಾಡಬೇಕು. ಅವರ ಅಕೌಂಟಿಗೆ ಸೇರಿಸಿ ನಿಮಗೆ ಶೇರ್ ಮಾಡಿದ್ದರೆ ನಿಮ್ಮ ಅಂಗಳ ಅವರ ಮೊಬೈಲಿನಲ್ಲೂ ಕಾಣ್ತಾ ಇರುತ್ತೆ, ಆಮೇಲೆ ಬಿಡಿಸಿಕೊಳ್ಳೋದು ದೊಡ್ಡ ತಲೆನೋವು. ಎರಡನೇದು, ರಾತ್ರಿ ಒಬ್ಬರನ್ನು ಗೇಟಿನಿಂದ ಕೊಟ್ಟಿಗೆವರೆಗೆ ನಡೆಸಿ, ಆ ರೆಕಾರ್ಡಿಂಗನ್ನು ಪೆನ್‌ಡ್ರೈವಿಗೆ ಇಳಿಸಿ ಕಂಪ್ಯೂಟರಿನಲ್ಲಿ ನೋಡಿ: ಮುಖ ಎಲ್ಲೆಲ್ಲಿ ಸಿಕ್ಕಿತು, ಚಿತ್ರದ ಮೂಲೆಯಲ್ಲಿ ಬರುವ ಸಮಯ ಸರಿ ಇದೆಯಾ ಅಂತ.